ಬಾನೆಟ್ಟಿನ ನೈಯಾಯಿಕರು

ಭಾನುವಾರ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಹಾದುಹೋಗುವ ಅಪರಿಚಿತನೊಬ್ಬನಿಗೆ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿ, ಜನಿವಾರವನ್ನು ಬನಿಯನ್ನಿನೊಳಕ್ಕೆ ಸೇರಿಸಿಕೊಂಡು, ತೆರೆದ ಬಾನೆಟ್ಟಿನ ಕೆಳಗೆ ಸೊಂಟದವರೆಗೂ ಅಂತರ್ಧಾನರಾಗಿರುವ ವೃದ್ಧರೊಬ್ಬರು ಕಣ್ಣಿಗೆ ಬಿದ್ದರೆ, ಪಾಪ, ಏನೋ ಕಷ್ಟಕ್ಕೆ ಸಿಕ್ಕಿದ್ದಾರೆಂದು ಆತನು ಮರುಗುವುದು ಸಹಜವೇ ಆಗಿತ್ತು. ಆದರೆ ಆ ಮರುಕ ಅಪಾತ್ರವಾದುದಾಗಿತ್ತು. ಆ ಹೊತ್ತಿನಲ್ಲಿರುವಷ್ಟು ಸುಖವಾಗಿ ನಮ್ಮ ರಾಯರು ವಾರದ ಮಿಕ್ಕ ಆರು ದಿನಗಳಲ್ಲಿ ಎಂದೂ ಇರುತ್ತಿರಲಿಲ್ಲ.

ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಮೇಲೆ, ಶಿಷ್ಯರಿಲ್ಲದೆ ಬಾಡುತ್ತಿದ್ದ ಅವರ ಪಾಂಡಿತ್ಯಕ್ಕೆ ಆಶ್ರಯವಾಗಿ ಒದಗಿದುದು, ಇಬ್ಬರ ಕೈ ದಾಟಿ ಇವರ ಪಾಲಿಗೆ ಬಂದ 1979ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ. ಮದುವೆಯಲ್ಲಿ ಹೆಸರು ಬದಲಾಯಿಸಿದರೂ ತವರಿನವರು ಹಳೆಯ ಹೆಸರನ್ನೇ ಹಿಡಿದು ಕೂಗುವಂತೆ, ನಮ್ಮ ಬೀದಿಯವರು ಅದನ್ನು ಫಿಯೆಟ್ಟೆಂದೇ ಕರೆದರು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು, ಸ್ಟಿಯರಿಂಗಿನ ಮಗ್ಗುಲಲ್ಲೇ ಗೇರಿನ ಹಿಡಿ, ಸಂಸಾರವಂದಿಗರ ಟ್ರಂಕುಗಳನ್ನು ನುಂಗಬಲ್ಲ ಡಿಕ್ಕಿ, ಎಲ್ಲವೂ ಸರಿಯಾಗಿದ್ದವು. ಗಾಡಿ ಆಗಾಗ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಷ್ಟೆ.

ಈ ವ್ಯಾಧಿಯ ಸ್ವರೂಪ ಸರಳವಾದುದು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ನಾಲ್ಕು ಸಿಲಿಂಡರಿಗೂ ಸರದಿಯಂತೆ ಕಿಡಿ ಸಲ್ಲಬೇಕು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನೂರು ಕಿಡಿಗಳಾಯಿತು. ಪಂಕ್ತಿಯಲ್ಲಿ ಬಡಿಸುವವನು ಅವಸರದಲ್ಲಿ ಒಂದೆಲೆಯನ್ನು ಹಾರಿಸಿಬಿಟ್ಟರೆ ಆ ಎಲೆಯ ಮುಂದೆ ಕುಳಿತವನು ಹೇಗೆ ಗೊಣಗುವನೋ, ಹಾಗೆ ಕಿಡಿ ತಪ್ಪಿದ ಸಿಲಿಂಡರು ಗೊಣಗುತ್ತದೆ, ಗಾಡಿ ಮುಗ್ಗರಿಸುತ್ತದೆ, ಉರಿಯದ ಪೆಟ್ರೋಲು ಹಿಂದಿನ ಕೊಳವೆಯಿಂದ ವಾಸನೆಯಾಗಿ ಹೊರಬೀಳುತ್ತದೆ. ಪರ್ವತದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಲೇಬೇಕೆಂದು ಮೂವತ್ತು ವರ್ಷ ಪಾಠ ಹೇಳಿದವರಿಗೆ, ಹಿಂದೆ ಹೊಗೆಯಿದ್ದೂ ಮುಂದೆ ಬೆಂಕಿಯಿಲ್ಲದ ಈ ವಾಹನ ಹುಟ್ಟಿಸಿದ ಕೋಪ ಕೇವಲ ಲೌಕಿಕವಾದುದಾಗಿರಲಿಲ್ಲ.

ಸದಾ ಇರುವ ರೋಗವಾಗಿದ್ದರೆ ರಾಯರು ಎರಡನೆಯ ವಾರಕ್ಕೇ ಸೋತು ಸುಮ್ಮನಾಗುತ್ತಿದ್ದರೋ ಏನೋ. ಬಂದು ಹೋಗುವ ರೋಗವಾದುದರಿಂದ ಅವರು ಪ್ರತಿವಾರವೂ ಗೆದ್ದರು. ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಗರಗಸದ ಅಲಗನ್ನು ತೂರಿಸಿ ಸಂದು ಸರಿಮಾಡಿದರು. ಗಾಡಿ ನಾಲ್ಕು ದಿನ ಸಂಗೀತದಂತೆ ಓಡಿತು, ನಮಗೆಲ್ಲ ಕಾಫಿಯಾಯಿತು. ಐದನೆಯ ದಿನ ಮಿಸ್ಸಿಂಗು ಮರಳಿದಾಗ ಅವರಿಗೆ ಲೇಶವೂ ನಾಚಿಕೆಯಾಗಲಿಲ್ಲ. ಇದು ಬೇರೆ ಮಿಸ್ಸಿಂಗು ಎಂದರು. ಹೀಗೆ ಪಾಯಿಂಟು, ಕಂಡೆನ್ಸರು, ಕಾಯಿಲ್ಲು, ಕಾರ್ಬೊರೇಟರಿನ ಜೆಟ್ಟು, ಪೆಟ್ರೋಲಿನಲ್ಲಿ ಬೆರೆತಿರಬಹುದಾದ ಸೀಮೆಎಣ್ಣೆ, ಒಂದೊಂದೂ ಒಂದೊಂದು ಭಾನುವಾರ ಅಪರಾಧಿಯಾಗಿ, ಶಿಕ್ಷೆ ಪಡೆದು, ಬುಧವಾರದ ವೇಳೆಗೆ ನಿರಪರಾಧಿಯಾಯಿತು. ಕಾಕತಾಳೀಯನ್ಯಾಯವನ್ನು ಉದಾಹರಣೆಸಹಿತ ವಿವರಿಸುತ್ತಿದ್ದ ಮಹನೀಯರು ತಾವೇ ಅದರ ಉದಾಹರಣೆಯಾದುದನ್ನು ಮಾತ್ರ ಗಮನಿಸಿದಂತೆ ಕಾಣಲಿಲ್ಲ. ಗಮನಕ್ಕೆ ತರುವ ಧೈರ್ಯ ನನಗೂ ಇರಲಿಲ್ಲ; ಆ ಕಾಫಿ ನಿಜವಾಗಿಯೂ ಚೆನ್ನಾಗಿರುತ್ತಿತ್ತು.

ಅವರಿಗೆ ಅತ್ಯಂತ ಪ್ರಿಯವಾದುದು ಅನ್ವಯವ್ಯತಿರೇಕದ ಪರೀಕ್ಷೆ. ಎಂಜಿನು ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುವುದು. ಯಾವುದನ್ನು ಕಿತ್ತರೂ ಶಬ್ದ ವ್ಯತ್ಯಾಸವಾಗದೋ ಆ ಸಿಲಿಂಡರೇ ಸೋಮಾರಿ. ಯುಕ್ತಿ ನಿರ್ದುಷ್ಟವಾದುದೇ, ಆದರೆ ರಾಯರು ಕೈಯಿಟ್ಟ ಗಳಿಗೆಯಲ್ಲಿ ನಾಲ್ಕೂ ಸಿಲಿಂಡರುಗಳು ಇನ್‌ಸ್ಪೆಕ್ಟರು ಬಂದ ದಿನದ ಶಾಲಾಬಾಲಕರಂತೆ ವಿನೀತವಾಗಿ ದುಡಿಯುತ್ತಿದ್ದವು. ಒಮ್ಮೆ ಅಡುಗೆಮನೆಯ ಕಬ್ಬಿಣದ ಇಕ್ಕಳದಿಂದಲೇ ವೈರನ್ನು ಕೀಳಹೋಗಿ, ಹನ್ನೆರಡು ವೋಲ್ಟಿನ ಸಾಧು ಬ್ಯಾಟರಿ ಕಾಯಿಲ್ಲಿನ ಮೂಲಕ ಸಹಸ್ರಾರು ವೋಲ್ಟುಗಳಾಗುವ ಪರಿಯನ್ನು ಮೊಣಕೈಯವರೆಗೂ ಅನುಭವಿಸಿದರು. ಇಕ್ಕಳ ಎದುರು ಮನೆಯ ದಾಸವಾಳದ ಗಿಡದಲ್ಲಿ ಸಿಕ್ಕಿತು.

ಜೆ.ಸಿ. ರಸ್ತೆಯ ಮೆಕ್ಯಾನಿಕ್ಕಿನ ಬಳಿಗೆ ಒಯ್ದಾಗಲೂ ಇದೇ ಕಥೆ. ಮನೆಯಿಂದ ಕೆಮ್ಮುತ್ತ ಹೊರಟ ಗಾಡಿ, ಲಾಲ್‌ಬಾಗಿನ ಪಶ್ಚಿಮ ದ್ವಾರದ ಹತ್ತಿರ ಚೇತರಿಸಿಕೊಂಡು, ಮಿನರ್ವ ಸರ್ಕಲ್ಲಿನ ವೇಳೆಗೆ ಪೂರ್ಣ ಸ್ವಸ್ಥವಾಗಿಬಿಡುತ್ತಿತ್ತು. ಆತನು ಎರಡು ಬಾರಿ ರೇಸು ಕೊಟ್ಟು, ಕಿವಿಗೊಟ್ಟು, "ಮಿಸ್ ಹೊಡೆಯುವಾಗ ತನ್ನಿ ಸಾರ್" ಎಂದು ಕಳಿಸಿದನು. "ಮಿಸ್ ಹೊಡೆಯುವಾಗ ತರುವುದು ಹೇಗಯ್ಯಾ? ಅದೇ ಅಲ್ಲವೇ ಪೂರ್ವಪಕ್ಷ!" ಎಂದು ರಾಯರು ಗುಡುಗಿದರಂತೆ.

"ಏನೂಂದ್ರೆ, ಇದಕ್ಕೆ ಮಂಗಳವಾರ ಶುಕ್ರವಾರವೇ ಹೀಗಾಗೋದು" ಎಂದು ಅವರ ಮಡದಿ ಮೊದಲಿನಿಂದಲೂ ಹೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಅಂಧಶ್ರದ್ಧೆಯನ್ನು ಕುರಿತು ಮುಕ್ಕಾಲು ಗಂಟೆಯ ಉಪನ್ಯಾಸವಾಯಿತು. ಆ ಎರಡು ದಿನ ಅಂಗಳ ತೊಳೆದು ರಂಗೋಲಿಯಿಡುವ ಮುನ್ನ, ರಾಯರ ಅಪ್ಪಣೆಯಂತೆಯೇ, ಕೆಲಸದ ಹುಡುಗ ಕಾರಿನ ಮೂತಿಯ ಮೇಲೆ ಎರಡು ಬಕೆಟ್ಟು ನೀರು ಹುಯ್ಯುತ್ತಿದ್ದನೆಂಬುದು ಉಪನ್ಯಾಸದಲ್ಲಿ ಎಲ್ಲಿಯೂ ಬರಲಿಲ್ಲ.

ಧನುರ್ಮಾಸ ಬಂತು. ದಿನವೂ ನಸುಕಿನಲ್ಲೇ ಅಂಗಳ ತೊಳೆಯುವುದಾಯಿತು, ದಿನವೂ ಮಿಸ್ಸಿಂಗು. ಮಂಜು ಕವಿದ ಒಂದು ಮುಂಜಾನೆ ಐದು ಗಂಟೆಗೆ, ದೇವಸ್ಥಾನಕ್ಕೆ ಹೊರಟ ಗಾಡಿ ಗೇಟು ದಾಟುವ ಮೊದಲೇ ನಡುಗತೊಡಗಿತು. ರಾಯರು ಬಾನೆಟ್ಟನ್ನೆತ್ತಿ ಟಾರ್ಚು ಹಿಡಿದು ಧ್ಯಾನಸ್ಥರಾದರು. ಸೆಲ್ಲು ತೀರುತ್ತಬಂದ ಆ ಟಾರ್ಚು ಒಮ್ಮೆ ಆರಿದಾಗ, ಫಲತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ಆಕೆ, "ಏನೂಂದ್ರೆ, ಅಲ್ಲೇನೋ ನೀಲಿಗೆ ಮಿಣಮಿಣ ಅಂತಿದೆಯಲ್ಲ?" ಎಂದರು. ರಾಯರು ಟಾರ್ಚನ್ನು ಕುಟ್ಟಿ ಬೆಳಗಿಸಿ ನೋಡಿದರು, ಏನೂ ಇಲ್ಲ. "ಭ್ರಮೆ. ಪ್ರತ್ಯಕ್ಷವಾದರೂ ಪ್ರಮಾಣಿಸಿ ನೋಡಬೇಕು" ಎಂದರು. "ಆ ದೀಪ ಆರಿಸಿ, ಪ್ರಮಾಣಿಸಿ" ಎಂದರು ಆಕೆ.

ಆರಿಸಿದಾಗ, ಮೂರನೆಯ ಸಿಲಿಂಡರಿನ ವೈರಿನ ಬಿರುಕಿನಿಂದ, ಪ್ಲಗ್ಗಿಗೆ ಸಲ್ಲಬೇಕಾದ ಕಿಡಿ ತೇವದ ದಾರಿ ಹಿಡಿದು, ಪಕ್ಕದ ಕಬ್ಬಿಣಕ್ಕೆ ಚಿಟಚಿಟನೆ ಹಾರುತ್ತಿತ್ತು. ಎಂಜಿನು ಕಾದು ತೇವವಾರುವುದಕ್ಕೆ ಮಿನರ್ವ ಸರ್ಕಲ್ಲಿನವರೆಗಿನ ದಾರಿ ಸಾಕಾಗುತ್ತಿತ್ತೆಂಬುದೂ ಆಗಲೇ ಹೊಳೆಯಿತು. ಬಿರುಕಿನಲ್ಲಿ ಮುಪ್ಪಿನಿಂದಾದುದೆಷ್ಟು, ವಾರವಾರವೂ ಅನ್ವಯವ್ಯತಿರೇಕಕ್ಕಾಗಿ ಜಗ್ಗಿದುದರಿಂದಾದುದೆಷ್ಟು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅವರು ದೇವಸ್ಥಾನ ಮುಟ್ಟಿದಾಗ ಹುಗ್ಗಿ ಮುಗಿದಿತ್ತು.

ಹೊಸ ವೈರು ಹಾಕಿ ಈಗ ಮೂರು ತಿಂಗಳು. ಮಿಸ್ಸಿಂಗು ಹೇಗೆ "ಪತ್ತೆಯಾಯಿತು" ಎಂಬುದನ್ನು ರಾಯರು ಬೀದಿಗೆಲ್ಲ ವಿವರಿಸಿಯಾಗಿದೆ. ಆ ಕ್ರಿಯಾಪದಕ್ಕೆ ಕರ್ತೃ ಇಲ್ಲ. ಗಾಡಿ ನಿಶ್ಶಬ್ದವಾಗಿ ಓಡುತ್ತದೆ, ಭಾನುವಾರ ಬಾನೆಟ್ಟು ಮುಚ್ಚಿಯೇ ಇರುತ್ತದೆ, ಕಾಫಿಯೂ ನಿಂತಿದೆ. ಮೊನ್ನೆ ನನ್ನ ಹಳೆಯ ಸ್ಕೂಟರನ್ನು ಚಾಲೂ ಮಾಡುತ್ತಿದ್ದಾಗ, ಕಾಂಪೌಂಡಿನ ಮೇಲಿಂದ ರಾಯರ ತಲೆಯೊಂದು ಮೂಡಿ, ವಾರೆಯಾಗಿ, ಬಹು ಹೊತ್ತು ಆಲಿಸಿತು. ಅಂದಿನಿಂದ ನಾನು ಗಾಡಿಯನ್ನು ಬೀದಿಯ ತಿರುವಿನವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆಯುತ್ತೇನೆ.