ಆ ದಿನ ನೆಲ ನಿಜಕ್ಕೂ ಡೊಂಕಿತ್ತು

ಪೂಲ್ ಆಡುವವರಷ್ಟು ನೆಪ ಹೇಳುವ ಜನ ಬೇರೆ ಯಾವ ಆಟದಲ್ಲೂ ಸಿಗಲಿಕ್ಕಿಲ್ಲ. ಕ್ರಿಕೆಟ್ಟಿನಲ್ಲಿ ಔಟಾದವನು ಬ್ಯಾಟನ್ನೊಮ್ಮೆ ದುರುಗುಟ್ಟಿ ನೋಡಿ ನಡೆದುಬಿಟ್ಟರೆ ಮುಗಿಯಿತು. ಪೂಲ್‌ನಲ್ಲಿ ಚೆಂಡು ಪಾಕೆಟ್ಟಿಗೆ ಬೀಳದಿದ್ದರೆ ಅಲ್ಲೇ ಒಂದು ವಿಚಾರಣೆ ನಡೆಯಬೇಕು. ಟೇಬಲ್ಲು ಬಾಗಿಲ ಕಡೆಗೆ ವಾಲಿದೆ, ಬಟ್ಟೆ ಸವೆದಿದೆ, ಪಕ್ಕದವನ ಫೋನು ಸರಿಯಾಗಿ ಆಗಲೇ ಬಡಿದುಕೊಂಡಿತು. ಯಾವ ಸಾಕ್ಷಿಯೂ ಸಿಗದಿದ್ದರೆ ಕೈಯಲ್ಲಿ ಕ್ಯೂ ಇದ್ದೇ ಇದೆ. ಅದನ್ನು ಕಣ್ಣಿನ ಮಟ್ಟಕ್ಕೆತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ತಲೆಯಾಡಿಸಿ ಗೋಡೆಗೆ ಒರಗಿಸಿದರೆ ಸೋಲಿನ ಮುಕ್ಕಾಲು ಪಾಲು ಅದರ ತಲೆಗೆ ಹೋಗುತ್ತದೆ. ಕೋಲು ತಿರುಗಿ ಮಾತಾಡುವುದಿಲ್ಲವಲ್ಲ.

ನನ್ನದು ಒಂದು ಶನಿವಾರ ಸಂಜೆ ಮಾತಾಡಿತು. ಹೊಡೆದಾಗ ‘ಟಕ್’ ಎನ್ನಬೇಕಾದದ್ದು ‘ಚರ್ಕ್’ ಎಂದಿತು. “ಕ್ಯೂ ಸರಿ ಇಲ್ಲ ಕಣ್ರೋ” ಎಂದೆ. ನಮ್ಮ ಪಾರ್ಲರ್ ಇರುವುದು ಒಂದು ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ. ಅಲ್ಲಿಗೆ ಬರುವವರೆಲ್ಲ ನನ್ನ ಮಗನ ವಯಸ್ಸಿನವರು. “ಹೋದ ವಾರ ಚಾಕ್ ಸರಿ ಇರ್ಲಿಲ್ಲ, ಅದರ ಹಿಂದಿನ ವಾರ ನಿಮ್ಮ ಕನ್ನಡಕ ಸರಿ ಇರ್ಲಿಲ್ಲ, ಅಲ್ವಾ ಅಂಕಲ್?” ಎಂದ ಒಬ್ಬ. ಫೋನಿನ ಟಾರ್ಚ್ ಹಾಕಿ ತೋರಿಸಿದೆ. ತುದಿಯ ಬಿಳಿ ಫೆರುಲ್ ಮೇಲೆ ಕೂದಲೆಳೆಯಷ್ಟು ಸಣ್ಣ ನೀಲಿ ಗೀಟು. ಚಾಕಿನ ಪುಡಿ ಬಿರುಕಿನೊಳಕ್ಕೆ ಇಳಿದು, ಇಲ್ಲದಿದ್ದರೆ ಕಣ್ಣಿಗೇ ಬೀಳದ ಸೀಳನ್ನು ಎತ್ತಿ ತೋರಿಸಿತ್ತು. (ಆ ನೀಲಿ ಚಾಕ್ ನಿಜಕ್ಕೂ ಸೀಮೆಸುಣ್ಣವಲ್ಲ. ಸಿಲಿಕಾದಂಥ ಗಡಸು ಪುಡಿಗಳನ್ನು ಬೆರೆಸಿ ಮಾಡಿದ್ದು. 1897ರಲ್ಲಿ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬ ಇಬ್ಬರು ಅಮೆರಿಕನ್ನರು ಅದಕ್ಕೆ ಪೇಟೆಂಟ್ ಪಡೆದರು. ಪತ್ತೇದಾರಿಗೂ ಅದು ಆಗಿಬರುತ್ತದೆಂದು ಅವರು ಎಣಿಸಿರಲಾರರು.)

ಹುಡುಗರು ಸಾಲಾಗಿ ಬಂದು ಬಿರುಕಿನ ದರ್ಶನ ಪಡೆದರು. ಇಷ್ಟು ವರ್ಷದ ನೆಪಗಳಲ್ಲಿ ಒಂದಾದರೂ ನಿಜವಾಯಿತಲ್ಲ ಎಂದು ನನಗಾದ ಸಂತೋಷಕ್ಕೆ ಆ ಆಟ ಸೋತದ್ದೂ ಮರೆತುಹೋಯಿತು.

ಪೂಲ್ ಕ್ಯೂ ಹೆಚ್ಚುಕಮ್ಮಿ 58 ಇಂಚು ಉದ್ದ. ಮುಂದಿನ ಅರ್ಧ, ಶಾಫ್ಟು, ಮೇಪಲ್ ಮರದ್ದು. ಅದರ ಕೊಟ್ಟಕೊನೆಯಲ್ಲಿ ಚರ್ಮದ ಟಿಪ್ಪು. ಟಿಪ್ಪಿಗೂ ಮರಕ್ಕೂ ನಡುವೆ ಒಂದಿಂಚಿನಷ್ಟು ಇರುವುದೇ ಈ ಫೆರುಲ್. ಚರಿತ್ರೆಯಲ್ಲಿ ಹೆಸರಾಗಿರುವುದು ಟಿಪ್ಪು: 19ನೇ ಶತಮಾನದ ಆರಂಭದಲ್ಲಿ ಫ್ರಾಂಸ್ವಾ ಮ್ಯಾಂಗೊ ಎಂಬ ಫ್ರೆಂಚ್ ಸೈನ್ಯಾಧಿಕಾರಿ ಪ್ಯಾರಿಸ್ಸಿನ ಜೈಲಿನಲ್ಲಿದ್ದಾಗ ಕೋಲಿನ ತುದಿಗೆ ಚರ್ಮ ಅಂಟಿಸುವುದನ್ನು ಕಂಡುಕೊಂಡ ಎಂದು ಆಟದ ಪುಸ್ತಕಗಳೆಲ್ಲ ಬರೆಯುತ್ತವೆ. ಫೆರುಲ್ಲನ್ನು ಕಂಡುಹಿಡಿದವನ ಹೆಸರನ್ನು ಯಾರೂ ಎತ್ತುವುದಿಲ್ಲ. ಏಟು ತಿನ್ನುವುದು ಮಾತ್ರ ಅದೇ. 170 ಗ್ರಾಮಿನವರೆಗೆ ತೂಗುವ ಬಿಳಿ ಚೆಂಡಿಗೆ ಟಿಪ್ಪು ತಗಲುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ. ಆ ಕ್ಷಣದ ಗುದ್ದೆಲ್ಲ ಹಿಂದಕ್ಕೆ ಮರದ ನಾರಿಗೆ ಹೋಗುತ್ತದೆ. ಒನಕೆಯ ತುದಿಗೆ ಕಬ್ಬಿಣದ ಅಣಸು ತೊಡಿಸದಿದ್ದರೆ ಎರಡು ಸೇರು ಭತ್ತ ಕುಟ್ಟುವಷ್ಟರಲ್ಲಿ ಮರ ಸೀಳುತ್ತದೆ. ಫೆರುಲ್ ಇಲ್ಲದ ಶಾಫ್ಟಿನ ಗತಿಯೂ ಅಷ್ಟೇ.

ಪಾರ್ಲರಿನ ಟೇಬಲ್ಲು, ಕೋಲುಗಳನ್ನು ನೋಡಿಕೊಳ್ಳುವ ಮಾರ್ಕರ್ ಹಳೆಯ ಕ್ಲಬ್ಬೊಂದರಲ್ಲಿ ಪಳಗಿದವರು. ಟಿಪ್ಪು ಬದಲಾಯಿಸುವುದರಲ್ಲಿ ಅವರ ಕೈ ಬ್ಲೇಡಿಗಿಂತ ಚುರುಕು. “ಫೆರುಲ್ ತಾನೇ? ಹಿತ್ತಾಳೇದು ಹಾಕ್ಸಿ ಸಾರ್, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಈ ಊರಲ್ಲಿ ಚಾಂಪಿಯನ್ ಆದವರೆಲ್ಲ ಹಿತ್ತಾಳೆ ಕೋಲಲ್ಲೇ ಆಡಿದ್ದು” ಎಂದರು. ಅವರು ಹೇಳಿದ್ದು ಸ್ನೂಕರ್ ಕೋಲಿನ ಮಾತು. ಆ ಆಟಕ್ಕೆ ಈ ಕಡೆ ಹಳೆಯ ನಂಟು: 1875ರಲ್ಲಿ ಜಬ್ಬಲ್ಪುರದ ಬ್ರಿಟಿಷ್ ಅಧಿಕಾರಿಗಳ ನಡುವೆ ಹುಟ್ಟಿ, ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ ನಿಯಮ ಬರೆಸಿಕೊಂಡದ್ದು. ಇಪ್ಪತ್ತಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲೇ ಆಡಿ ಬೆಳೆದವರು. ಇಂಥ ಊರಿನಲ್ಲಿ ಹಿತ್ತಾಳೆಗೆ ಎದುರು ಹೇಳುವುದಕ್ಕೆ ಧೈರ್ಯ ಬೇಕು.

ಆದರೂ ಹೇಳಿದೆ. ಚೆಂಡಿನ ನಡುವಿಗೆ ಹೊಡೆದರೆ ಯಾವ ತಕರಾರೂ ಇಲ್ಲ. ಎಡಕ್ಕೋ ಬಲಕ್ಕೋ ಸರಿಸಿ ಸ್ಪಿನ್ ಕೊಡಲು ಹೋದರೆ, ಕೋಲಿನ ತುದಿ ಚೆಂಡನ್ನು ಗುರಿಯಿಂದ ಕೊಂಚ ಆಚೆಗೆ ತಳ್ಳಿಬಿಡುತ್ತದೆ. ತುದಿ ಭಾರವಾದಷ್ಟೂ ಈ ತಳ್ಳಾಟ ಜಾಸ್ತಿ. ಸ್ನೂಕರಿನ ತುದಿ ಹತ್ತು ಮಿಲಿಮೀಟರಿನ ಆಸುಪಾಸು, ಅದಕ್ಕೆ ತೆಳು ಹಿತ್ತಾಳೆ ನಡೆಯುತ್ತದೆ. ಪೂಲ್‌ನದು 13 ಮಿಲಿಮೀಟರ್. ಅಷ್ಟು ದಪ್ಪಕ್ಕೆ ಹಿತ್ತಾಳೆ ತೊಡಿಸಿದರೆ ಮೂತಿಗೆ ಕಲ್ಲು ಕಟ್ಟಿದ ಹಾಗೆಯೇ. ತುದಿಯನ್ನು ಹಗುರ ಮಾಡುವುದಕ್ಕೆಂದೇ ಅಮೆರಿಕದ ಕಂಪನಿಗಳು 1990ರ ದಶಕದಿಂದ ಶಾಫ್ಟಿನ ಒಳಗನ್ನು ಕೊರೆದು ಟೊಳ್ಳು ಮಾಡುತ್ತಿವೆ. ಮಾರ್ಕರ್ ಇಷ್ಟನ್ನೂ ಕೇಳಿಸಿಕೊಂಡು, “ನೀವು ಸ್ಪಿನ್ ಕೊಡೋದು ಯಾವಾಗ ಸಾರ್?” ಎಂದರು. ಮಾತು ಅಲ್ಲಿಗೆ ನಿಂತಿತು.

ಹಿಂದೆ ದಂತದ ಫೆರುಲ್ ಶ್ರೇಷ್ಠ ಎನ್ನುತ್ತಿದ್ದರಂತೆ. 1989ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. ಅದು ಸರಿಯಾದದ್ದೇ. ಕೋಲಿನ ತುದಿಯ ಒಂದಿಂಚಿಗೆ ಒಂದಾನೆಯನ್ನು ಕೇಳುವ ಆಟ ಆಡದಿದ್ದರೂ ನಡೆಯುತ್ತದೆ.

ಮನೆಯಲ್ಲಿ ವಿಷಯ ತಿಳಿಸಿದೆ. “ಲೇತ್ ಶಾಪಿಗೆ ಹೋಗ್ತೀರಾ? ಹಾಗಾದ್ರೆ ಮಿಕ್ಸಿ ಜಾರೂ ತಗೊಂಡ್ಹೋಗ್ರೀ, ಬುಶ್ ಹೋಗಿ ಎಷ್ಟು ದಿನ ಆಯ್ತು” ಎಂದಳು ನನ್ನಾಕೆ. ಹೀಗಾಗಿ ಕಾಮಾಕ್ಷಿಪಾಳ್ಯದ ಗಲ್ಲಿಯೊಂದಕ್ಕೆ, ಅಮೆರಿಕದಿಂದ ಭಾವನ ಮಗ ತಂದುಕೊಟ್ಟ ಕ್ಯೂನ ಶಾಫ್ಟು ಬಗಲಲ್ಲಿ, ಚಟ್ನಿ ಜಾರು ಕೈಯಲ್ಲಿ ಹಿಡಿದು ಹೋದೆ. ಮೇಸ್ತ್ರಿ ಮೊದಲು ಎತ್ತಿಕೊಂಡದ್ದು ಜಾರನ್ನೇ. ಊರಿಗೆ ಅಗತ್ಯವಾದದ್ದು ಯಾವುದು ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ.

ಶಾಫ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಮರಕ್ಕೆ ಲೇತಾ?” ಎಂದರು. ಆಮೇಲೆ ಉಗುರಿನಿಂದ ಫೆರುಲ್ ಕೆರೆದು ವಾಸನೆ ನೋಡಿ, “ನೈಲಾನ್, ಡೆಲ್ರಿನ್ ಎಲ್ಲಾ ಇದೆ. ಆದ್ರೆ ಅದಕ್ಕೆ ಅಂಟು ನಿಲ್ಲಲ್ಲ, ಜಾರಿಬಿಡುತ್ತೆ. ಹೈಲಂ ಹಾಕೋಣ” ಎಂದರು. ಹೈಲಂ ಎಂದರೆ ಬಟ್ಟೆಯ ಪದರಗಳಿಗೆ ಫೀನಾಲಿಕ್ ರಾಳ ಕುಡಿಸಿ, ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು; ವಿದ್ಯುತ್ ತಡೆಯುವುದಕ್ಕೆ, ಗೇರು ಬುಶ್ಶುಗಳಿಗೆ ಬಳಸುವ ಮಾಲು. ಅಮೆರಿಕದಲ್ಲಿ ಕ್ಯೂ ಮಾಡುವವರು ನಯವಾದ ಲಿನನ್ ಬಟ್ಟೆಯ ಇಂಥದೇ ಸರಕನ್ನು ಫೆರುಲ್ಲಿಗೆ ಆರಿಸಿ ಆರಿಸಿ ಕೊಳ್ಳುತ್ತಾರೆ. ಕ್ಯೂ ಮುಖವನ್ನೇ ನೋಡಿರದ ಮೇಸ್ತ್ರಿ ಒಂದು ನಿಮಿಷದಲ್ಲಿ ಅಲ್ಲಿಗೆ ಬಂದು ಮುಟ್ಟಿದ್ದರು.

ಶಾಫ್ಟನ್ನು ಸ್ಪಿಂಡಲ್ಲಿನೊಳಗೆ ತೂರಿಸಿ, ಹಿಂದಿನ ತುದಿ ಒದರಾಡದಂತೆ ಹಳೆಯ ಬನಿಯನ್ನಿನ ಚೂರು ತುರುಕಿದರು. ಮರದ ಮೇಲೆ ಟೇಪು ಸುತ್ತಿ, ಚಕ್ಕಿನ ದವಡೆಗಳನ್ನು ಮಗುವಿನ ಕೈ ಹಿಡಿದಷ್ಟೇ ಬಿಗಿ ಮಾಡಿದರು. ಕಬ್ಬಿಣಕ್ಕೆ ಹಾಕುವ ಅಂದಾಜಿನಲ್ಲಿ ಟೂಲ್ ಕೊಟ್ಟರೆ ಫೆರುಲ್ಲಿನೊಳಗೆ ತೂರಿರುವ ಮರದ ಮೊಳೆ ಮುರಿದು ಕೈಗೆ ಬರುತ್ತದೆ. ಅವರು ಕಾಗದದಷ್ಟು ಕಾಗದದಷ್ಟೇ ಕೆತ್ತುತ್ತಾ ಬಂದರು. ಬಿಳಿ ಪುಡಿ ಉದುರಿ ಉದುರಿ, ಕೊನೆಗೆ ಹಳೆ ಫೆರುಲ್ಲು ಸಿಪ್ಪೆಯಾಗಿ ಸುಲಿದುಬಂತು. ಒಳಗೆ ಮೇಪಲ್ಲಿನ ಸಣ್ಣ ಮೊಳೆ, ಅದರ ಮೈಮೇಲೆ ಅಚ್ಚುಕಟ್ಟಾದ ತಿರುಪಿನ ಮರೆ. ಮೇಸ್ತ್ರಿ ಗೇಜು ಹಿಡಿದು ನೋಡಿ ಮೊದಲ ಸಲ ನಕ್ಕರು. “ಎರಡೂವರೆ ನೂಲು, ಇಂಚಿಗೆ ಹದಿನೆಂಟು ಮರೆ. ನಮ್ಮ ಹಳೇ ಟ್ಯಾಪೇ ಆಗುತ್ತೆ!” ಬ್ರಿಟಿಷರ ವಿಟ್‌ವರ್ತ್ ಟ್ಯಾಪು ಡ್ರಾಯರಿನ ತಳದಿಂದ ಹೊರಬಂತು. ಹಲ್ಲಿನ ಕೋನದಲ್ಲಿ ಅಮೆರಿಕದ್ದಕ್ಕೂ ಇದಕ್ಕೂ ಐದು ಡಿಗ್ರಿ ವ್ಯತ್ಯಾಸವಿದೆ. ಮರ ಮತ್ತು ಅರಾಲ್ಡೈಟ್ ಸೇರಿ ಅದನ್ನು ಹೊಂದಿಸಿಕೊಳ್ಳುತ್ತವೆ.

ಅಂಟು ಹಚ್ಚುವ ಮೊದಲು ಮೊಳೆಯ ಉದ್ದಕ್ಕೂ ಗರಗಸದ ಬ್ಲೇಡಿನಲ್ಲಿ ಒಂದು ಗೆರೆ ಎಳೆದರು. ಯಾಕೆಂದು ಕೇಳಿದೆ. “ಬೋಲ್ಟು ಕೂತಂಗೆ ಅಂಟು, ಗಾಳಿ ಎಲ್ಲಿಗೆ ಹೋಗ್ಬೇಕು ಸಾರ್? ದಾರಿ ಬಿಡದಿದ್ರೆ ತಳ್ಳಿ ಸೀಳುತ್ತೆ.” ಬಹುಶಃ ಹಳೆಯ ಫೆರುಲ್ ಸೀಳಿದ್ದೂ ಹಾಗೇ ಇರಬಹುದು, ನನ್ನ ಹೊಡೆತದ ಜೋರಿಗಲ್ಲ. ಅದನ್ನು ಪಾರ್ಲರಿನಲ್ಲಿ ಹೇಳಿಕೊಂಡಿಲ್ಲ.

ರಾತ್ರಿಯಿಡೀ ಅಂಟು ಒಣಗಿ, ಮಾರನೆಯ ದಿನ ಬೇಕಾದ್ದಕ್ಕಿಂತ ದಪ್ಪವಿದ್ದ ಹೈಲಂ ಬಳೆಯನ್ನು ಮರದ ಮಟ್ಟಕ್ಕೆ ಇಳಿಸುವಾಗ ಶೆಡ್ಡಿನ ತುಂಬಾ ಆಸ್ಪತ್ರೆ ಒರೆಸಿದ ವಾಸನೆ. ಕೊನೆಯ ಕೂದಲೆಳೆಯಷ್ಟನ್ನು ಟೂಲಿನಿಂದಲ್ಲದೆ ನೀರು ಮುಟ್ಟಿಸಿದ ಪಾಲಿಶ್ ಕಾಗದದಿಂದ ತೆಗೆದರು. ಬೆರಳು ಆಡಿಸಿದರೆ ಮರ ಎಲ್ಲಿ ಮುಗಿಯಿತು, ಹೈಲಂ ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ಕಣ್ಣಿಗೆ ಗೊತ್ತಾಗುತ್ತಿತ್ತು: ಎಲ್ಲರದೂ ಬಿಳಿ, ನನ್ನದು ಕಂದು.

ಟಿಪ್ಪನ್ನು ಮಾರ್ಕರ್ ಅಂಟಿಸಿಕೊಟ್ಟರು. ಅದರ ತಲೆಯನ್ನು ಅಮೆರಿಕದವರು ಐದು ಸೆಂಟಿನ ನಾಣ್ಯದ ಬಾಗಿಗೆ ಉಜ್ಜುತ್ತಾರೆ. ನಮ್ಮ ಒಂದು ರೂಪಾಯಿಯೂ ಸುಮಾರಾಗಿ ಅದೇ ಅಳತೆ, ವಿದೇಶಿ ವಿನಿಮಯದ ತಾಪತ್ರಯ ಬೇಕಾಗಲಿಲ್ಲ. ಹೊಡೆದೆ. ‘ಟಕ್’. ಮುಂಚಿಗಿಂತ ಗಟ್ಟಿ, ಒಣ ಸದ್ದು. ಚೆಂಡು ಪಾಕೆಟ್ಟಿನ ದವಡೆಗೆ ಬಡಿದು ಹೊರಗೇ ಉಳಿಯಿತು ಎನ್ನುವುದು ಬೇರೆ ಮಾತು. ಟಿಪ್ಪು ಹೊಸದು, ಪಳಗಬೇಕು.

ಈಗ ತೊಂದರೆ ಬೇರೆಯೇ ಆಗಿದೆ. ಮೇಸ್ತ್ರಿ ಉಳಿದ ಹೈಲಂ ರಾಡನ್ನು “ನಿಮ್ದೇ ದುಡ್ಡು ಸಾರ್” ಎಂದು ಜಾರಿನ ಜೊತೆ ಕಟ್ಟಿಕೊಟ್ಟಿದ್ದರು. ಅದು ನನ್ನ ಬಳಿ ಇದೆಯೆಂದು ಗೊತ್ತಾದದ್ದೇ ತಡ, ಆಟ ಸೋತ ಹುಡುಗರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಕಿವಿಯ ಬಳಿ ಕೋಲು ತಟ್ಟತೊಡಗಿದ್ದಾರೆ. “ಅಂಕಲ್, ಸದ್ದು ಸ್ವಲ್ಪ ಡಲ್ ಇಲ್ವಾ?” ನಾನು ಕನ್ನಡಕ ಏರಿಸಿ, ಟಾರ್ಚ್ ಬಿಟ್ಟು, ತುದಿಯನ್ನು ತಿರುಗಿಸಿ, ಸಾಕಷ್ಟು ಹೊತ್ತು ಸುಮ್ಮನಿದ್ದು, “ಹೂಂ, ಶುರುವಾಗಿದೆ” ಎನ್ನುತ್ತೇನೆ. ಅವರ ಮುಖ ಅರಳುತ್ತದೆ. ಮೊನ್ನೆ ಮೇಸ್ತ್ರಿಗೆ ಫೋನ್ ಮಾಡಿ ಹೀಗೆ ಹೀಗೆ ಎಂದೆ. ಅವರು ಲೇತ್ ನಿಲ್ಲಿಸದೆಯೇ ಕೂಗಿ ಕೇಳಿದರು: “ಡಜನ್ ಲೆಕ್ಕದಲ್ಲಾದ್ರೆ ರೇಟ್ ಕಮ್ಮಿ ಮಾಡ್ತೀನಿ ಸಾರ್. ಜಾರ್‌ಗಳೂ ಬರ್ತವಾ?”