ಬೈ ಟು ಅಭಿಪ್ರಾಯ

ಬೆಂಗಳೂರಿನಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ‘ಗೊತ್ತಿಲ್ಲ’ ಅನ್ನುವವರು ಸಿಕ್ಕುವುದು ಅಪರೂಪ. ಆ ರಸ್ತೆಯ ಹೆಸರನ್ನೇ ಜನ್ಮದಲ್ಲಿ ಕೇಳದವರೂ ಒಂದು ಕ್ಷಣ ಕಣ್ಣು ಕಿರಿದು ಮಾಡಿ, ‘ಸೀದಾ ಹೋಗಿ, ಸಿಗ್ನಲ್ ಹತ್ರ ಲೆಫ್ಟ್ ತಗೊಳ್ಳಿ, ಅಲ್ಲಿ ಯಾರನ್ನಾದ್ರೂ ಕೇಳಿ’ ಎಂದು ಕಳಿಸಿಕೊಡುತ್ತಾರೆ. ಅದನ್ನು ದಾರಿ ಎಂದು ನಂಬಿ ಹೋದವರು ಕೆಟ್ಟರು. ಅವರು ಕೊಟ್ಟದ್ದು ಬರೀ ಅಭಿಪ್ರಾಯ. ಕೇಳಿ ಬಂದವರನ್ನು ಬರಿಗೈಲಿ ಕಳಿಸಬಾರದೆಂಬ ಹಿರಿಯರ ಸಂಸ್ಕಾರ ಹೀಗೆ ಸಿಗ್ನಲ್ಲುಗಳಲ್ಲಿ ಉಳಿದುಕೊಂಡಿದೆ. ಹಿಂದೆ ಬಾಯಾರಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುತ್ತಿದ್ದೆವು. ಬೆಲ್ಲ ದುಬಾರಿಯಾಯಿತು, ನೀರು ಕ್ಯಾನು ಸೇರಿತು. ಅಭಿಪ್ರಾಯ ಒಂದು ಮಾತ್ರ ಈಗಲೂ ಪುಕ್ಕಟೆ.

ಈ ವಿಷಯದಲ್ಲಿ ನಮ್ಮ ದರ್ಶಿನಿಗಳು ಮಾಡಿರುವ ಸೇವೆ ದೊಡ್ಡದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕುರ್ಚಿ ಇಲ್ಲದಿದ್ದರೆ ಗಿರಾಕಿ ಇಡ್ಲಿ ನುಂಗಿ, ಕಾಫಿ ಕುಡಿದು, ಐದು ನಿಮಿಷಕ್ಕೆ ಜಾಗ ಖಾಲಿ ಮಾಡುತ್ತಾನೆಂದು ಲೆಕ್ಕ. ಬೆಂಗಳೂರಿನ ನಿವೃತ್ತರ ಮೊಣಕಾಲಿನ ಶಕ್ತಿಯನ್ನು ಯಾರೂ ಆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಯಲ್ಲಿ ಒಂದು ತೆಂಗಿನಕಾಯಿ ಒಡೆದು ಕೊಡಿ ಎಂದರೆ ‘ಅಯ್ಯೋ ಮಂಡಿ’ ಎನ್ನುವವರು, ದರ್ಶಿನಿಯ ಎದುರು ಅರ್ಧ ಲೋಟ ಕಾಫಿಯ ಆಧಾರದ ಮೇಲೆ ಒಂದು ಗಂಟೆ ಅಲುಗಾಡದೆ ನಿಲ್ಲಬಲ್ಲರು. ಕುರ್ಚಿ ಮೇಜಿನ ಹಳೆಯ ಹೋಟೆಲುಗಳಲ್ಲಾದರೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂದು ಬೋರ್ಡು ಇರುತ್ತಿತ್ತು. ವಿಜ್ಞಾನದ ಬಗ್ಗೆ, ಸಂಗೀತದ ಬಗ್ಗೆ, ಪಕ್ಕದ ಮನೆಯವರ ಸೊಸೆಯ ಬಗ್ಗೆ ಬೋರ್ಡು ಹಾಕಬೇಕೆಂದು ಯಾವ ಮಾಲೀಕರಿಗೂ ಹೊಳೆಯಲಿಲ್ಲ. ನಾವು ಬದುಕಿರುವುದೇ ಆ ಸಂದಿಯಲ್ಲಿ.

ನಾವು ಎಂದರೆ, ಪಾರ್ಕಿನ ಪಕ್ಕದ ದರ್ಶಿನಿಯಲ್ಲಿ ಹೊಂಗೆ ಮರದ ಕೆಳಗಿನ ದುಂಡು ಮೇಜನ್ನು ಬೆಳಗ್ಗೆ ಬೆಳಗ್ಗೆ ಆಕ್ರಮಿಸುವವರು. ವಿಮೆ ಕಚೇರಿಯಿಂದ ನಿವೃತ್ತರಾದವರೊಬ್ಬರು, ಬ್ಯಾಂಕಿನವರೊಬ್ಬರು, ಒಬ್ಬ ಫಿಸಿಕ್ಸ್ ಮೇಷ್ಟ್ರು, ವರ್ಕ್ ಫ್ರಂ ಹೋಮ್ ಎಂಬ ನೆಪದಲ್ಲಿ ನಮ್ಮೊಳಗೆ ಸೇರಿಕೊಂಡ ಒಬ್ಬ ಐಟಿ ಹುಡುಗ. ಮತ್ತೆ ನಾನು. ನನ್ನ ಪರಿಣತಿ ಚಟ್ನಿ. ಬೇರೆ ವಿಷಯಗಳಲ್ಲೂ ಮಾತಾಡುತ್ತೇನೆ, ಆದರೆ ಅಷ್ಟು ಜೋರಾಗಿ ಅಲ್ಲ.

ದಿನದ ಮೊದಲ ಅಭಿಪ್ರಾಯ ಯಾವಾಗಲೂ ಹವೆಯದು, ಮತ್ತು ಅದು ವಿಮೆಯವರ ಹಕ್ಕು. ‘ಮೊದಲೆಲ್ಲ ಬೆಂಗಳೂರಲ್ಲಿ ಯಾರ ಮನೇಲೂ ಫ್ಯಾನೇ ಇರ್ಲಿಲ್ಲ ಸಾರ್’ ಎಂದು ಅವರು ಶುರು ಮಾಡಿದರೆ ನಾವೆಲ್ಲ ತಲೆಯಾಡಿಸುತ್ತೇವೆ. ಬೇಸಿಗೆಯಲ್ಲೂ ಸ್ವೆಟರ್, ಆಗಸ್ಟ್‌ನಲ್ಲಿ ಮಂಕಿ ಕ್ಯಾಪ್, ಲಾಲ್‌ಬಾಗಿನಲ್ಲಿ ಮಂಜು. ಅವರು ಹೇಳುವ ಬೆಂಗಳೂರು ವರ್ಷದಿಂದ ವರ್ಷಕ್ಕೆ ಇನ್ನಷ್ಟು ತಣ್ಣಗಾಗುತ್ತಿದೆ. ಇನ್ನೆರಡು ವರ್ಷ ಬಿಟ್ಟರೆ ಅವರ ಬಾಲ್ಯದಲ್ಲಿ ಹಿಮ ಬೀಳುವ ಸಂಭವವಿದೆ. ಒಮ್ಮೆ ಮೇಷ್ಟ್ರು ತಡೆಯಲಾರದೆ ಅಂಕಿ ತೆಗೆದರು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ತಂಪು ಇದ್ದದ್ದು ನಿಜ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೂ ನಿಜ. ಆದರೆ 1931ರ ಮೇ ತಿಂಗಳಲ್ಲೇ 38.9 ಡಿಗ್ರಿ ಮುಟ್ಟಿತ್ತು, ಆ ದಾಖಲೆ ಮುರಿದದ್ದು 2016ರ ಏಪ್ರಿಲ್ 24ರಂದು, 39.2ಕ್ಕೆ. ಅಂದರೆ ಎಂಬತ್ತೈದು ವರ್ಷದಲ್ಲಿ ಗರಿಷ್ಠ ಏರಿದ್ದು ಒಂದು ಡಿಗ್ರಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಒಂದು ದಿನದ ಗರಿಷ್ಠದಿಂದ ಹವಾಮಾನ ಅಳೆಯಬಾರದು, ಊರು ಬಿಸಿಯಾಗಿರುವುದು ಸುಳ್ಳಲ್ಲ ಎಂದೂ ಸೇರಿಸಿದರು, ಪಾಪ, ನ್ಯಾಯವಂತರು.

ವಿಮೆಯವರು ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟರು. ‘ನೀವು ಹೇಳ್ತಿರೋದು ಟೆಂಪರೇಚರ್ರು. ನಾನು ಹೇಳ್ತಿರೋದು ಸೆಕೆ.’

ಇದಕ್ಕೆ ಉತ್ತರವಿಲ್ಲ. ಅಂಕಿ ಅಂಶ ಎನ್ನುವುದು ಅಭಿಪ್ರಾಯವನ್ನು ಕೊಲ್ಲುತ್ತದೆ ಎಂದು ಪುಸ್ತಕ ಓದಿದವರು ತಿಳಿದಿದ್ದಾರೆ. ನಾನು ಕಂಡಂತೆ, ಗಟ್ಟಿಮುಟ್ಟಾದ ಅಭಿಪ್ರಾಯ ಅಂಕಿ ಅಂಶ ತಿಂದೇ ಬೆಳೆಯುತ್ತದೆ. ಮಾರನೆಯ ದಿನ ವಿಮೆಯವರು ಪಕ್ಕದ ಮೇಜಿನವರಿಗೆ ‘1884ರಲ್ಲಿ ಏಳು ಡಿಗ್ರಿ ಇತ್ತು ಸಾರ್ ಇಲ್ಲಿ’ ಎಂದು ಹೇಳುತ್ತಿದ್ದರು. 1931 ಅವರ ಕಿವಿಯನ್ನು ಹಾದು ಹೋಗಿತ್ತು.

ಬ್ಯಾಂಕಿನವರ ಕ್ಷೇತ್ರ ಬೇರೆ. ಅವರದು ಸಂಪ್ರದಾಯದೊಳಗಿನ ವಿಜ್ಞಾನ. ‘ಇದಕ್ಕೆ ಸೈಂಟಿಫಿಕ್ ರೀಸನ್ ಇದೆ’ ಎಂದು ಅವರು ಗಂಟಲು ಸರಿಮಾಡಿಕೊಂಡರೆ ಮೇಷ್ಟ್ರ ಮುಖ ಹಲ್ಲುನೋವು ಬಂದವರ ಹಾಗಾಗುತ್ತದೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ವಿಷಯ ಮೂರು ಬೆಳಗ್ಗೆ ತಿಂದಿತು. ಗಣೇಶನಿಗೆ ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆ ತಂದದ್ದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಮೇಷ್ಟ್ರೂ ಕೈಮುಗಿದು ಸುಮ್ಮನಾಗುತ್ತಿದ್ದರು. ಬ್ಯಾಂಕಿನವರು ಬಿಡಲಿಲ್ಲ. ರಕ್ತದಲ್ಲಿ ಕಬ್ಬಿಣ ಇದೆ, ಭೂಮಿ ಒಂದು ಅಯಸ್ಕಾಂತ, ನಮ್ಮ ತಲೆ ಉತ್ತರ ಧ್ರುವ, ಉತ್ತರಕ್ಕೆ ಉತ್ತರ ಸೇರಿದರೆ ತಳ್ಳಾಟ, ರಕ್ತವೆಲ್ಲ ಮೆದುಳಿಗೆ.

ಮೇಷ್ಟ್ರು ಮೊದಲು ಧ್ರುವ ಹಿಡಿದರು. ದಿಕ್ಸೂಚಿಯ ಉತ್ತರದ ತುದಿ ಉತ್ತರಕ್ಕೆ ತಿರುಗುತ್ತದಲ್ಲ, ಹಾಗಾದರೆ ಅಲ್ಲಿರುವುದು ಅಯಸ್ಕಾಂತದ ದಕ್ಷಿಣ ಧ್ರುವ ತಾನೆ? ನಿಮ್ಮ ತಲೆ ಉತ್ತರ ಧ್ರುವವೇ ಆಗಿದ್ದರೆ ಅತ್ತ ಹಾಕಿ ಮಲಗುವುದೇ ಅತ್ಯಂತ ಸುಖ. ಬ್ಯಾಂಕಿನವರು ವಡೆ ಮುರಿದರು. ಮೇಷ್ಟ್ರು ರಕ್ತಕ್ಕೆ ಬಂದರು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದ ಹಾಗಲ್ಲ. ಹಿಮೋಗ್ಲೋಬಿನ್ನಿನೊಳಗೆ ಒಂದೊಂದೇ ಪರಮಾಣುವಾಗಿ ಸಿಕ್ಕಿಕೊಂಡಿದೆ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಗೊತ್ತೇ ಆಗದಷ್ಟು ಮೆಲ್ಲಗೆ ದೂಡುತ್ತದೆ. ಬ್ಯಾಂಕಿನವರು ವಡೆಯನ್ನು ಸಾಂಬಾರಿನಲ್ಲಿ ಅದ್ದಿದರು. ಆಗ ಮೇಷ್ಟ್ರು ಕೊನೆಯ ಅಸ್ತ್ರ ಬಿಟ್ಟರು. ‘ಹೋದ ವರ್ಷ ಸೊಂಟಕ್ಕೆ ಎಂಆರ್‌ಐ ಮಾಡಿಸಿದ್ರಲ್ಲ, ಆ ಯಂತ್ರ 1.5 ಟೆಸ್ಲಾ. ಭೂಮಿಯ ಅಯಸ್ಕಾಂತಕ್ಕಿಂತ 30,000 ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿ ಎದ್ದು ಬಂದು ಇಲ್ಲಿ ವಡೆ ತಿಂತಿದ್ದೀರಿ!’

ಮೇಜು ನಿಶ್ಶಬ್ದವಾಯಿತು. ಬ್ಯಾಂಕಿನವರು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು.

‘ಅದಕ್ಕೇ ಸಾರ್, ಅಲ್ಲಿ ಅರ್ಧ ಗಂಟೆ ಮೇಲೆ ಮಲಗಿಸಲ್ಲ.’

ಚಪ್ಪಾಳೆಯೊಂದು ಬಾಕಿ. ಐಟಿ ಹುಡುಗನಂತೂ ಅವರ ಕಾಫಿ ಟೋಕನ್ ತಾನೇ ತಂದ. ವಾದದಲ್ಲಿ ಗೆದ್ದವರು ಯಾರು ಎಂದು ಭೌತಶಾಸ್ತ್ರದ ಪ್ರಕಾರ ಹೇಳಬಹುದು. ಆದರೆ ಆ ಬೆಳಗಿನ ಮಟ್ಟಿಗೆ ಹೇಳಲಾಗುವುದಿಲ್ಲ.

ಮೇಷ್ಟ್ರು ಸಾಮಾನ್ಯರಲ್ಲ. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಗಾಳಿ ಸೋಕಿಸಿಕೊಂಡು ಬಂದವರು. ಎಚ್ಚೆನ್ 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಕ್ಕೆ ಮಳೆ ಬಂದರೂ ತಪ್ಪಿಸದವರು. ಕುಲಪತಿಯಾಗಿದ್ದಾಗ, 1976ರಲ್ಲಿ, ಎಚ್ಚೆನ್ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರಲ್ಲ, ಆ ಕಥೆಯನ್ನು ಮೇಷ್ಟ್ರು ನಿನ್ನೆ ನಡೆದಂತೆ ಹೇಳುತ್ತಾರೆ. 1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣಕ್ಕೆ ಹುಡುಗರನ್ನು ಕಟ್ಟಿಕೊಂಡು ರಾಯಚೂರಿನ ಕಡೆಗೆ ಹೋಗಿದ್ದರಂತೆ. ಅಂಕೋಲದಿಂದ ರಾಯಚೂರಿನವರೆಗೆ ನೆರಳು ಹಾದುಹೋಗುವಾಗ ಬೀದಿಯಲ್ಲಿ ತಾವು, ತಮ್ಮ ಹುಡುಗರು ಮತ್ತು ಎರಡು ಎಮ್ಮೆ ಬಿಟ್ಟರೆ ಬೇರೆ ಪ್ರಾಣಿ ಇರಲಿಲ್ಲ ಎಂದು ಅವರ ವರ್ಣನೆ. ಉಳಿದವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ.

2019ರ ಡಿಸೆಂಬರ್ 26ರ ಗ್ರಹಣ ಬಂದದ್ದು ಸರಿಯಾಗಿ ತಿಂಡಿಯ ಹೊತ್ತಿಗೆ. ಕೊಡಗು, ಮಂಗಳೂರಿನವರಿಗೆ ಪೂರಾ ಬಳೆ ಕಂಡಿತು. ನಮಗೆ ಕುಡುಗೋಲಿನಷ್ಟು ಸೂರ್ಯ ಉಳಿದಿದ್ದ. ದರ್ಶಿನಿ ತೆರೆದಿತ್ತು, ಗಿರಾಕಿಗಳಿಲ್ಲ. ಸಾಂಬಾರಿನ ಪಾತ್ರೆಯ ಮೇಲೆ ಎರಡೆಳೆ ದರ್ಭೆ. ಮಾಲೀಕರ ಮನೆಯಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿದ್ದಾರೆಂದೂ ಅದು ತಾನಾಗಿ ನಿಂತಿದೆಯೆಂದೂ ಸುದ್ದಿ ಬಂತು. ಒನಕೆಯ ತಳ ಸಪಾಟಾಗಿದ್ದರೆ ಯಾವ ಮಂಗಳವಾರವೂ ನಿಲ್ಲುತ್ತದೆ ಎಂದು ಮೇಷ್ಟ್ರು ಗೊಣಗಿದರು. ಆಮೇಲೆ ಅಡುಗೆಯವನಿಂದ ವಡೆ ಎತ್ತುವ ಜಾಲರಿ ಸೌಟು ಇಸಿದುಕೊಂಡು ಬಿಸಿಲಿಗೆ ಹಿಡಿದರು. ಕಲ್ಲು ಮೇಜಿನ ಮೇಲೆ, ಸೌಟಿನ ಒಂದೊಂದು ತೂತಿಗೂ ಒಂದೊಂದು ಕುಡುಗೋಲು ಸೂರ್ಯ! ಹೊಂಗೆ ಎಲೆಗಳ ಸಂದಿಯಿಂದ ನೆಲದ ತುಂಬ ಅದೇ ಚಿತ್ರ. ಗ್ರಹಣ ನೋಡುವುದಿಲ್ಲವೆಂದು ಒಳಗೆ ಕೂತಿದ್ದ ಅಡುಗೆಯವರೆಲ್ಲ ಹೊರಗೆ ಬಂದರು. ಮಾಲೀಕರೂ ಬಂದು, ತಮ್ಮ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಸೂರ್ಯಗಳನ್ನು ಬೀಳಿಸಿಕೊಂಡು ಫೋಟೊ ತೆಗೆಸಿಕೊಂಡರು. ಒಂದು ಪ್ಲೇಟು ಇಡ್ಲಿಯೂ ಹೋಗದ ಬೆಳಗ್ಗೆ ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಬೇರೆಂದೂ ಕಂಡಿಲ್ಲ.

ಮೇಷ್ಟ್ರ ವಿಜಯೋತ್ಸವದ ನಡುವೆ ಅವರ ಮನೆಯಿಂದ ಫೋನು ಬಂತು: ಮುಗಿದ ಮೇಲೆ ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬೇಡಿ. ‘ಆಯ್ತು, ಉಪ್ಪಿನಕಾಯಿ ಜಾಡಿಗೂ ದರ್ಭೆ ಹಾಕಿದ್ಯಾ?’ ಎಂದು ಮೇಷ್ಟ್ರು ದನಿ ತಗ್ಗಿಸಿ ಕೇಳಿದ್ದು ನಮಗೆ ಕೇಳಿಸಿತು. ನಮ್ಮ ನೋಟ ಕಂಡು ಅವರೇ ಹೇಳಿದರು: ‘ಗ್ರಹಣದ ಬಗ್ಗೆ ಅಭಿಪ್ರಾಯ ನಂದು. ಉಪ್ಪಿನಕಾಯಿ ಅವಳದು.’ ಸಂಸಾರ ಮತ್ತು ವೈಚಾರಿಕತೆ ನಲವತ್ತು ವರ್ಷ ಒಂದೇ ಸೂರಿನಡಿ ಹೇಗೆ ಬಾಳುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ.

ಆದರೆ ಇಷ್ಟೆಲ್ಲ ಪುರಾವೆ ಕೇಳುವ ಮೇಷ್ಟ್ರು ಕಾಫಿಯ ವಿಷಯ ಬಂತೋ, ನಮ್ಮೆಲ್ಲರಿಗಿಂತ ಕಡೆ. ಚಿಕೋರಿ ಬೆರೆಸುವುದು ಮಹಾಪಾಪ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ಮುಚ್ಚಿಟ್ಟು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟ ಕಥೆ ಹೇಳಿ, ‘ಆ ಮಹಾನುಭಾವ ಏಳು ಬೀಜ ತಂದದ್ದು ಯಾವುದೋ ಬೇರಿನ ಪುಡಿ ಬೆರೆಸೋಕಾ?’ ಎಂದು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51 ಭಾಗ ಇದ್ದರೆ ಸಾಕು ಎಂಬುದು ಅವರಿಗೆ ರಾಷ್ಟ್ರೀಯ ದುರಂತ. ಶುದ್ಧ ಕಾಫಿಯ ಪರಿಮಳ ಹತ್ತು ಅಡಿಯಿಂದ ಹೇಳಬಲ್ಲೆ ಎಂದು ಪಂಥ ಕಟ್ಟಿದರು. ಐಟಿ ಹುಡುಗ ಬಿಟ್ಟಾನೆಯೇ? ಮನೆಯಿಂದ ಫ್ಲಾಸ್ಕಿನಲ್ಲಿ ಚಿಕೋರಿ ಸೋಕದ ಡಿಕಾಕ್ಷನ್ ತಂದು, ದರ್ಶಿನಿಯ ಕಾಫಿಯ ಪಕ್ಕ ಎರಡು ಲೋಟ ಇಟ್ಟ. ಮೇಷ್ಟ್ರು ಮೂಸಿದರು, ಚಪ್ಪರಿಸಿದರು, ಕಣ್ಣು ಮುಚ್ಚಿದರು, ದರ್ಶಿನಿಯ ಲೋಟ ಎತ್ತಿ ‘ಇದು! ಇದು ಶುದ್ಧ’ ಎಂದರು.

ನಿಜ ತಿಳಿದ ಮೇಲೆ ಅವರು ಕದಲಲಿಲ್ಲ. ‘ಒಂದು ಸ್ಯಾಂಪಲ್ ಇಟ್ಕೊಂಡು ತೀರ್ಮಾನಕ್ಕೆ ಬರೋಕಾಗಲ್ಲ’ ಎಂದರು. ಬ್ಯಾಂಕಿನವರು ಮುಂದೆ ಬಂದು ಅವರ ಬೆನ್ನು ತಟ್ಟಿದರು. ಅಂದಿನಿಂದ ಅವರಿಬ್ಬರ ಸ್ನೇಹ ಗಾಢವಾಗಿದೆ.

ಇಂಥ ರತ್ನಗಳು ಗಾಳಿಗೆ ಹೋಗುತ್ತಿವೆಯಲ್ಲ ಎಂದು ಮರುಗಿ ಹುಡುಗ ನಮ್ಮೆಲ್ಲರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ. ಎಷ್ಟು ಬೇಗ ಜಗಳವಾಯಿತೆಂದರೆ ಹೇಳಬಾರದು. ಮೇಜಿನ ಬಳಿ ಹೇಳಿದ್ದು ಲೋಟ ತೊಳೆಯುವಷ್ಟರಲ್ಲಿ ಹೋಗಿಬಿಡುತ್ತದೆ. ಮೊಬೈಲಿನಲ್ಲಿ ಬರೆದದ್ದಕ್ಕೆ ತಾರೀಖು ಇರುತ್ತದೆ, ಗಂಟೆ ನಿಮಿಷ ಇರುತ್ತದೆ. ‘ಮಾರ್ಚ್‌ನಲ್ಲಿ ನೀವೇ ತಾನೆ ಹೀಗಂದಿದ್ದು’ ಎಂದು ವಿಮೆಯವರು ಪಾಲಿಸಿ ನಂಬರು ತೆಗೆದ ಹಾಗೆ ಹಳೆಯದನ್ನು ಎತ್ತಿ ಹಾಕತೊಡಗಿದರು. ತನ್ನ ಅಭಿಪ್ರಾಯಕ್ಕೆ ತಾನೇ ಸಾಕ್ಷಿ ನಿಲ್ಲಬೇಕಾದರೆ ಯಾವ ಮರ್ಯಾದಸ್ಥ ಬಾಯಿ ಬಿಟ್ಟಾನು? ಈಗ ಆ ಗುಂಪಿನಲ್ಲಿ ಹೂವಿನ ಚಿತ್ರದ ಶುಭೋದಯ ಮಾತ್ರ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿದ್ದೇನೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ‘ಮಾತ್ರೆ ಬಿಟ್ಟು ಇದನ್ನು ಕುಡಿಯಿರಿ’ ಎಂಬ ಅಭಿಪ್ರಾಯ ನಮ್ಮ ಮೇಜಿನಲ್ಲಿ ನಡೆಯುವುದಿಲ್ಲ. ಹಾಗಲಕಾಯಿ ರಸದ ಗುಣಗಾನ ಮಾಡಿ, ಮರುಗಳಿಗೆ ಕೇಸರಿಬಾತ್‌ಗೆ ಟೋಕನ್ ತರಲು ಹೋದವರನ್ನು ನಾನೇ ಬಯ್ದಿದ್ದೇನೆ.

ಮೊನ್ನೆ ಏಪ್ರಿಲ್ 24ರಂದು ಮೇಷ್ಟ್ರು ನಮ್ಮನ್ನೆಲ್ಲ ಮಟಮಟ ಮಧ್ಯಾಹ್ನ ಪಾರ್ಕಿಗೆ ಕರೆದರು. ವರ್ಷದಲ್ಲಿ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ, ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ನೇರ ಬಂದು ನಿಲ್ಲುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳು ಬೀಳುವುದಿಲ್ಲ. ಶೂನ್ಯ ನೆರಳಿನ ದಿನ. 2016ರ ದಾಖಲೆಯ ಬಿಸಿಲೂ ಇದೇ ತಾರೀಖು ಎಂದು ನೆನಪಿಸಿ, ಇದು ಕಾಕತಾಳೀಯ, ಹಾಗೆಂದು ಬರೆದುಕೊಳ್ಳಿ ಎಂದು ಬ್ಯಾಂಕಿನವರಿಗೆ ಮೊದಲೇ ಎಚ್ಚರಿಕೆ ಕೊಟ್ಟರು. ಹನ್ನೆರಡೂ ಕಾಲು ದಾಟುತ್ತಿದ್ದಂತೆ, ಬೆಂಚಿನ ಮೇಲಿಟ್ಟ ಸ್ಟೀಲ್ ಲೋಟದ ನೆರಳು ಕುಗ್ಗಿ ಕುಗ್ಗಿ ಲೋಟದ ಬುಡದೊಳಕ್ಕೇ ಹೋಯಿತು. ನಾವು ಐದು ಜನ ನೆರಳಿಲ್ಲದ ಲೋಟವನ್ನು ಬಗ್ಗಿ ನೋಡುತ್ತಿದ್ದೆವು. ಟೋಪಿ ತೆಗೆದು ಬೆವರು ಒರೆಸಿಕೊಂಡ ವಿಮೆಯವರು ನಿಟ್ಟುಸಿರು ಬಿಟ್ಟರು.

‘ಮೊದಲೆಲ್ಲ ಬೆಂಗಳೂರಲ್ಲಿ ನೆರಳು ಹೀಗೆ ಹೋಗ್ತಿರ್ಲಿಲ್ಲ ಸಾರ್. ಎಲ್ಲ ಈ ಫ್ಲೈಓವರ್ ಬಂದ ಮೇಲೆ.’