ರೇಂಜಣ್ಣನ ಸಮುದ್ರಯಾನ

ಘಾಟ್ಕೋಪರ್ ಪೂರ್ವದ ಪಂತ್‌ನಗರದಲ್ಲಿ ಕಟ್ಟಡಕ್ಕೊಬ್ಬ ರೇಂಜಣ್ಣ ಇದ್ದೇ ಇರುತ್ತಾರೆ. ವಯಸ್ಸು ಅರವತ್ತೈದು ದಾಟಿರುತ್ತದೆ. ಬ್ಯಾಂಕಿನಿಂದ ನಿವೃತ್ತರಾಗಿರುತ್ತಾರೆ, ಇಲ್ಲವೇ ಹೋಟೆಲಿನ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟಿರುತ್ತಾರೆ. ಮದುವೆಗೆ ಹೋದರೆ ಮದುಮಗನ ಹೆಸರಿಗಿಂತ ಮೊದಲು ಹಾಲಿನ ವೈಫೈ ಪಾಸ್‌ವರ್ಡ್ ವಿಚಾರಿಸುತ್ತಾರೆ. ಊರಿಗೆ ಹೋದರೆ ಮನೆಯೊಳಗೆ ಸಿಗುವುದಿಲ್ಲ. ಗುಡ್ಡೆಯ ನೀರಿನ ಟಾಂಕಿಯ ಮೇಲೆ ಕುಳಿತಿರುತ್ತಾರೆ. ಉಳಿದವರು ಒಂದು ಊರನ್ನು ಅಲ್ಲಿನ ದೇವಸ್ಥಾನದಿಂದಲೋ ಮೀನಿನಿಂದಲೋ ನೆನಪಿಟ್ಟುಕೊಂಡರೆ ಇವರಿಗೆ ಲೆಕ್ಕ ಫೋನಿನ ಕಡ್ಡಿಯದು. "ಹೆಬ್ರಿಯಾ? ಪೇಟೆಯಲ್ಲಿ ನಾಲ್ಕು ಕಡ್ಡಿ. ಘಾಟಿ ಹತ್ತಿದರೆ ಸೊನ್ನೆ."

ನಮ್ಮ ಕಟ್ಟಡದವರು ಈ ಪೈಕಿ ಎತ್ತಿದ ಕೈ. ಹೆಸರು ಹೇಳುವುದಿಲ್ಲ, ನಾಳೆ ಅವರೊಟ್ಟಿಗೇ ಲಿಫ್ಟು ಹತ್ತಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ಹಲ್ಲುಜ್ಜುವ ಮೊದಲೇ ಒಂದು ಗುಲಾಬಿ, ಒಂದು ಸೂರ್ಯೋದಯ, ಒಂದು ಉಡುಪಿ ಕೃಷ್ಣ ಕಳಿಸಿಬಿಡುತ್ತಾರೆ. ಕಟ್ಟಡದ ಗುಂಪು, ಕುಟುಂಬದ ಗುಂಪು, ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಮುಂಬಯಿ ಗುಂಪು, ರಾತ್ರಿಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪು, ಎಲ್ಲದಕ್ಕೂ ಇವರೇ ಅಡ್ಮಿನ್. ಗುಲಾಬಿ ಬರುವುದು ಎಂಟು ಗಂಟೆಯಾದರೆ ಡೊಂಬಿವಲಿಯಿಂದ ತಂಗಿ ಫೋನ್ ಮಾಡಿ, "ಅತ್ತಿಗೆ, ಅಣ್ಣ ಹುಷಾರಿದ್ದಾರಲ್ಲ?" ಎಂದು ಗಾಬರಿಯಲ್ಲಿ ಕೇಳುತ್ತಾಳೆ.

ಇಷ್ಟೆಲ್ಲ ರೇಂಜಿನ ಹಸಿವಿರುವ ಮನುಷ್ಯ ಸೊಸೈಟಿಯ ಸೆಕ್ರೆಟರಿ ಆಗಿದ್ದಾಗ ಮಾಡಿದ ಮಹತ್ಕಾರ್ಯ ಯಾವುದು ಗೊತ್ತೇ? ಟೆರೇಸಿನ ಮೇಲಿದ್ದ ಮೊಬೈಲ್ ಟವರನ್ನು ಕೀಳಿಸಿದ್ದು. ರೇಡಿಯೇಶನ್ನಿನಿಂದ ಗುಬ್ಬಿಗಳು ಸಾಯುತ್ತವೆ ಎಂದು ವಾರ್ಷಿಕ ಸಭೆಯಲ್ಲಿ ಅರ್ಧ ಗಂಟೆ ಮಾತಾಡಿದ್ದರು. ಬಾಡಿಗೆಯೂ ಹೋಯಿತು, ರೇಂಜೂ ಹೋಯಿತು. ಗುಬ್ಬಿ ಬರಲಿಲ್ಲ, ಪಾರಿವಾಳ ಬಂದವು. ಈಗ ಮಲಗುವ ಕೋಣೆಯ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಮಾತಾಡುತ್ತಾರೆ. ಹಣೆಯ ಮೇಲೆ ಎರಡು ಗೆರೆ ಖಾಯಂ ಬಿದ್ದಿವೆ. ಹೊಸಬರು ಅದನ್ನು ನಾಮ ಎಂದು ತಿಳಿಯುತ್ತಾರೆ.

ಇಂಥವರು ಹಡಗು ಹತ್ತಿದ್ದು ಅತ್ತಿಗೆಯ ಹಟಕ್ಕೆ. ಘಾಟ್ಕೋಪರಿನ ಗುಜರಾತಿಗಳು ತಿರುಗಾಟದಲ್ಲಿ ನಮಗಿಂತ ಎರಡು ತಲೆಮಾರು ಮುಂದೆ. ಎದುರು ಮನೆಯ ಬೆನ್ ಥೇಪ್ಲಾ ಡಬ್ಬಿ ಕಟ್ಟಿಕೊಂಡು ಸಿಂಗಾಪುರದ ಕ್ರೂಸ್ ಮುಗಿಸಿ ಬಂದಿದ್ದರು. ನಡುಗಡಲಿನಿಂದಲೇ ಅಹಮದಾಬಾದಿನ ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡಿದೆ ಎಂದು ಅವರು ಹೇಳಿದ್ದು ಅತ್ತಿಗೆಗೆ ಸಮುದ್ರವಾಗಿ ಕೇಳಿಸಿತು. ರೇಂಜಣ್ಣನಿಗೆ ಕಾಲ್ ಆಗಿ ಕೇಳಿಸಿತು. ಮುಂಬಯಿಯಿಂದಲೇ ಹಡಗುಗಳಿವೆಯಲ್ಲ. 2018ರ ಅಕ್ಟೋಬರಿನಲ್ಲಿ 'ಆಂಗ್ರಿಯಾ' ಗೋವಾಕ್ಕೆ ಹೊರಟಾಗಿನಿಂದ ನಮ್ಮವರಿಗೂ ಈ ರುಚಿ ಹತ್ತಿದೆ. 2021ರಿಂದ ದೊಡ್ಡ ಹಡಗು ಲಕ್ಷದ್ವೀಪದವರೆಗೂ ಹೋಗುತ್ತಿದೆ. ಅತ್ತಿಗೆ ಏಜೆಂಟನನ್ನು ಊಟ, ಕಿಟಕಿ, ಮೊಣಕಾಲು ನೋವಿಗೆ ಲಿಫ್ಟು ಎಂದು ಹತ್ತು ಪ್ರಶ್ನೆ ಕೇಳಿದರು. ರೇಂಜಣ್ಣ ಕೇಳಿದ್ದು ಒಂದೇ: "ನೆಟ್ ಉಂಟಾ?"

"ಫುಲ್ ವೈಫೈ, ಅಂಕಲ್!"

ವೈಫೈ ಇರುವುದು ಬೇರೆ, ವೈಫೈಯೊಳಗೆ ನೆಟ್ ಇರುವುದು ಬೇರೆ. ಈ ತತ್ತ್ವ ಏಜೆಂಟನಿಗೆ ಗೊತ್ತಿತ್ತು, ಹೇಳಲಿಲ್ಲ.

ಆದರೂ ರೇಂಜಣ್ಣ ಪೂರ್ಣ ನಂಬುವ ಗಿರಾಕಿಯಲ್ಲ. ಹೊರಡುವ ಮುನ್ನ ಮನೆಯ ಕಂಪ್ಯೂಟರಿಗೆ ತನ್ನ ವಾಟ್ಸಾಪನ್ನು ಜೋಡಿಸಿ, ಏಳನೇ ಕ್ಲಾಸಿನ ಮೊಮ್ಮಗನನ್ನು ಕೂರಿಸಿ, ದಿನಕ್ಕೊಂದರಂತೆ ಸಂದೇಶ ತಯಾರಿಸಿಕೊಟ್ಟರು. ಮೊದಲ ಬೆಳಿಗ್ಗೆಗೆ 'ನಡುಗಡಲಿನಿಂದ ಶುಭೋದಯ', ಎರಡನೆಯದಕ್ಕೆ 'ಲಕ್ಷದ್ವೀಪದ ಹವಳದ ದಂಡೆಯಿಂದ ಶುಭೋದಯ', ಹೀಗೆ. ಚಿತ್ರಗಳನ್ನೂ ಮೊದಲೇ ಆರಿಸಿದ್ದರು. ಒಂದರಲ್ಲಿ ಡಾಲ್ಫಿನ್ ಹಾರುತ್ತಿತ್ತು. ಯಾವ ಸಮುದ್ರದ್ದೋ ಆ ಡಾಲ್ಫಿನ್ನಿಗೇ ಗೊತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಕಟ್ಟಡದಿಂದ ಕೆಲವರು ಒಟ್ಟಿಗೆ ಹೊರಟಿದ್ದೆವು, ನಾನೂ ಇದ್ದೆ.

ಸಂಜೆ ಹಡಗು ಬಂದರು ಬಿಟ್ಟಿತು. ಎಲ್ಲರೂ ಗೇಟ್‌ವೇ ಕಂಡಿತು, ತಾಜ್ ಕಂಡಿತು ಎಂದು ಸೆಲ್ಫಿಗೆ ನಿಂತರೆ ರೇಂಜಣ್ಣ ಕಡ್ಡಿ ಎಣಿಸುತ್ತಿದ್ದರು. ಪ್ರಾಂಗ್ಸ್ ದೀಪಸ್ತಂಭದ ಹತ್ತಿರ ಮೂರು. ಖಾಂದೇರಿ ದ್ವೀಪ ದಾಟುವಾಗ ಎರಡು. ದಕ್ಷಿಣಕ್ಕೆ ಹೋಗುವ ಹಡಗಿಗೆ ನೆಲ ಎಡಕ್ಕಿರುತ್ತದೆ ಎಂದು ಲೆಕ್ಕ ಹಾಕಿ ಎಡಗಡೆಯ ಕಂಬಿ ಹಿಡಿದು ನಿಂತರು. ದಡದ ಟವರುಗಳು ಜನರಿರುವ ಕಡೆ ಮುಖ ಮಾಡಿ, ತುಸು ತಲೆ ತಗ್ಗಿಸಿ ನಿಂತಿರುತ್ತವೆ; ಮೀನಿಗೆ ಸಿಮ್ ಮಾರುವ ಉದ್ದೇಶ ಯಾವ ಕಂಪನಿಗೂ ಇಲ್ಲ. ಮೇಲಾಗಿ ಭೂಮಿ ಗುಂಡಗಿದೆ. ಊಟದ ಗಂಟೆಗೆ ಕಡ್ಡಿ ಪೂರ್ತಿ ಮುಳುಗಿತು.

ಅಷ್ಟರಲ್ಲಿ ಮಗನ ಕೊನೆಯ ಸಂದೇಶ ಬಂದಿತ್ತು: "ಅಪ್ಪಾ, ಫ್ಲೈಟ್ ಮೋಡ್ ಹಾಕಿ."

"ಹಡಗಿನಲ್ಲಿ ಎಂಥ ಫ್ಲೈಟ್ ಮೋಡ್ ಮಾರಾಯ?" ಎಂದು ನನ್ನನ್ನು ಕೇಳಿದರು. ಮಗ ಹೇಳಿದ್ದು ಸರಿಯೇ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ಎಷ್ಟೋ ಕ್ರೂಸ್ ಹಡಗುಗಳು ತಮ್ಮದೇ ಪುಟ್ಟ ಮೊಬೈಲ್ ಟವರನ್ನು ಚಾಲೂ ಮಾಡುತ್ತವೆ. ನಮ್ಮ ಫೋನು ಅದನ್ನು ಕಂಡ ಕೂಡಲೇ ಹೋಗಿ ಅಪ್ಪಿಕೊಳ್ಳುತ್ತದೆ. ಅದು ರೋಮಿಂಗು, ಬಿಲ್ಲು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. "ನಾಲ್ಕು ಕಡ್ಡಿ ತೋರಿಸಿ ಕಿಸೆ ಕತ್ತರಿಸುವುದಾ?" ಎಂದು ರೇಂಜಣ್ಣ ಬೆಚ್ಚಿ ಫೋನನ್ನು ಪೂರ್ತಿ ಬಂದ್ ಮಾಡಿ ಅಂಗಿಯ ಒಳಕಿಸೆಗೆ ಹಾಕಿಕೊಂಡರು.

ಉಳಿದದ್ದು ಹಡಗಿನ ವೈಫೈ. ಕೌಂಟರಿನ ಹುಡುಗಿ ನಗುನಗುತ್ತ ಪಟ್ಟಿ ಕೊಟ್ಟಳು. ಬರೀ ಸಂದೇಶಕ್ಕೆ ಒಂದು ದರ, ಎಲ್ಲದಕ್ಕೂ ಇನ್ನೊಂದು; ಒಂದು ಫೋನಿಗೆ, ಒಂದು ದಿನಕ್ಕೆ. ಪಂತ್‌ನಗರದಲ್ಲಿ ತಿಂಗಳ ಬ್ರಾಡ್‌ಬ್ಯಾಂಡಿಗೆ ಕೊಡುವುದಕ್ಕಿಂತ ಒಂದು ದಿನದ್ದು ಹೆಚ್ಚು. ರೇಂಜಣ್ಣ ಸ್ಟೇಷನ್ ಹೊರಗಿನ ಭಾಜಿವಾಲಾನೊಂದಿಗೆ ಕೊತ್ತಂಬರಿಗೆ ಚೌಕಾಸಿ ಮಾಡಿ ಬೆಳೆದವರು. "ಅರ್ಧ ದಿನದ್ದು ಉಂಟಾ? ನಾನು ಬೆಳಿಗ್ಗೆ ಮಾತ್ರ ಗುಡ್ ಮಾರ್ನಿಂಗ್ ಹೇಳುವುದು." ಇರಲಿಲ್ಲ. ಕೊನೆಗೆ ಜೇಬಿನಿಂದ ಒಂದು ಕಾಗದ ತೆಗೆದರು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ, ವಿಮಾನ ಮತ್ತು ಹಡಗುಗಳಲ್ಲಿ ಫೋನು-ಇಂಟರ್‌ನೆಟ್ ಒದಗಿಸುವ ನಿಯಮಗಳ ಪ್ರಿಂಟ್‌ಔಟು! ಅದರಲ್ಲಿ ಸೇವೆ ಕೊಡಬಹುದು ಎಂದಿದೆಯೇ ಹೊರತು ಅಗ್ಗಕ್ಕೆ ಕೊಡಬೇಕು ಎಂದಿಲ್ಲ. ಹುಡುಗಿ ಗೌರವದಿಂದ ಓದಿ, ಗೌರವದಿಂದ ಹಿಂದೆ ಕೊಟ್ಟಳು.

ಘಾಟ್ಕೋಪರ್ ಬಿಡಲು ಒಂದು ಸಲ ದುಡ್ಡು ಕೊಟ್ಟ ಮನುಷ್ಯ ಘಾಟ್ಕೋಪರಿನಲ್ಲೇ ಇರಲು ಎರಡನೇ ಸಲ ದುಡ್ಡು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅವರ ಮುಖದಲ್ಲಿ ದುಃಖವಿತ್ತು, ಆದರೆ ಹಿಂಜರಿಕೆ ಇರಲಿಲ್ಲ.

ಇನ್ನು ಆ ನೆಟ್ಟಿನ ವೇಗ. ಹಳೆಯ ಪದ್ಧತಿಯ ಹಡಗುಗಳಲ್ಲಿ ಸಂಪರ್ಕ ಇರುವುದು ಸಮಭಾಜಕ ವೃತ್ತದ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹದೊಡನೆ. ಗುಲಾಬಿ ಅಲ್ಲಿಗೆ ಹತ್ತಿ ಮತ್ತೆ ನೆಲಕ್ಕಿಳಿಯಬೇಕು: 72 ಸಾವಿರ ಕಿಲೋಮೀಟರ್. ತಲುಪಿತು ಎಂಬ ಗೆರೆ ಬರಬೇಕಾದರೆ ಅಷ್ಟೇ ದಾರಿ ವಾಪಸ್ಸು. ಬೆಳಕಿನ ವೇಗದಲ್ಲೇ ಓಡಿದರೂ ಇದಕ್ಕೆ ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡನ್ನು ಯಾರಾದರೂ ಸಹಿಸಿಯಾರು. ತೊಂದರೆ ಇರುವುದು ಪಾಲಿನಲ್ಲಿ. ಇಡೀ ಚಾಳಿಗೆ ಒಂದೇ ನಳವಿದ್ದು ಬೆಳಿಗ್ಗೆ ನೀರು ಬಿಟ್ಟಾಗ ಎಲ್ಲರೂ ಕೊಡ ಹಿಡಿದು ನಿಂತರೆ ಏನಾಗುತ್ತದೋ ಅದೇ ಇಲ್ಲಿ. ಸಾವಿರಾರು ಜನ, ಒಂದು ಉಪಗ್ರಹದ ಒಂದು ತುಂಡು, ಎಲ್ಲರಿಗೂ ಸೂರ್ಯಾಸ್ತದ ವಿಡಿಯೋವನ್ನು ಸೂರ್ಯ ಮುಳುಗುವ ಮೊದಲೇ ಕಳಿಸಬೇಕು. ಈಗ ಸ್ಟಾರ್‌ಲಿಂಕ್ ಬಂದಿದೆ, ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ. ರಾಯಲ್ ಕೆರಿಬಿಯನ್ ಕಂಪನಿ 2022ರಲ್ಲಿ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕುವುದಾಗಿ ಘೋಷಿಸಿತು. ಇದನ್ನು ರೇಂಜಣ್ಣನಿಗೆ ಹೇಳಬಾರದಿತ್ತು. "ಹಾಗಾದರೆ ನಮ್ಮದು ಯಾವುದು?" ಎಂದು ಸಿಕ್ಕಸಿಕ್ಕ ವೇಟರುಗಳನ್ನೆಲ್ಲ ಕೇಳತೊಡಗಿದರು.

ಮೇಲಿನ ಡೆಕ್ಕಿನ ಆಚೆ ಎರಡು ಬಿಳಿ ಗುಮ್ಮಟಗಳಿದ್ದವು. ನೀರಿನ ಟಾಂಕಿ ಎಂದುಕೊಂಡಿದ್ದೆವು. ಹಡಗು ಎಷ್ಟೇ ತೂಗಾಡಿದರೂ ಉಪಗ್ರಹದ ಕಡೆಗೇ ಮುಖ ಹಿಡಿದಿರುವ ತಟ್ಟೆ ಅದರೊಳಗೆ ತಿರುಗುತ್ತಿರುತ್ತದೆ ಎಂದು ಯಾರೋ ಹೇಳಿದ್ದೇ ತಡ, ರೇಂಜಣ್ಣ ಬೆಳಿಗ್ಗೆ ಐದೂವರೆಗೆ ಅಲ್ಲಿಗೆ ಹೋಗಿ ಫೋನನ್ನು ತಲೆಯ ಮೇಲೆತ್ತಿ ಪ್ರದಕ್ಷಿಣೆ ಆರಂಭಿಸಿದರು. ಫೋನು ಮಾತಾಡುವುದು ಓಣಿಯಲ್ಲಿರುವ ವೈಫೈ ಡಬ್ಬಿಯೊಂದಿಗೆ; ಗುಮ್ಮಟದ ಬುಡದಲ್ಲಿ ನಿಂತರೆ ಇನ್ನಷ್ಟು ದೂರವಾದಂತೆಯೇ ಲೆಕ್ಕ. ಸಿಬ್ಬಂದಿಯವನೊಬ್ಬ ಓಡಿಬಂದು, ಇಲ್ಲಿ ನಿಲ್ಲಬಾರದು, ರೇಡಿಯೇಶನ್ ಇರುತ್ತದೆ ಎಂದು ಬೋರ್ಡು ತೋರಿಸಿದ. ಟವರು ಕೀಳಿಸಿದ ಮಹಾಶಯರು ಹೇಳಿದ್ದು: "ಇರಲಿ ಮಾರಾಯ, ಇಲ್ಲಿ ಗುಬ್ಬಿ ಇಲ್ಲವಲ್ಲ."

ಅವರನ್ನು ಸಮಾಧಾನಿಸಲು ನಾನು ಟೈಟಾನಿಕ್ಕಿನ ಕಥೆ ಹೇಳಿದೆ. ಅದರ ವೈರ್‌ಲೆಸ್ ಆಪರೇಟರುಗಳು ಮಾರ್ಕೋನಿ ಕಂಪನಿಯವರು. ಶ್ರೀಮಂತ ಪ್ರಯಾಣಿಕರ ಖಾಸಗಿ ತಂತಿಗಳೇ ಅವರಿಗೆ ಹೊಟ್ಟೆಪಾಡು. 1912ರ ಏಪ್ರಿಲ್ 14ರ ರಾತ್ರಿ 'ಕ್ಯಾಲಿಫೋರ್ನಿಯನ್' ಎಂಬ ಹಡಗಿನವನು, ಸುತ್ತ ಹಿಮವಿದೆ, ನಾವು ನಿಂತುಬಿಟ್ಟಿದ್ದೇವೆ ಎಂದು ಹೇಳಲು ಬಂದರೆ, ಪ್ರಯಾಣಿಕರ ಸಂದೇಶಗಳನ್ನು ಕೇಪ್ ರೇಸಿಗೆ ದಾಟಿಸುವ ಗಡಿಬಿಡಿಯಲ್ಲಿದ್ದ ಆಪರೇಟರು ಬಾಯಿ ಮುಚ್ಚು ಎಂದು ಗದರಿಬಿಟ್ಟ. ಹಡಗಿನಿಂದ ಕ್ಷೇಮಸಮಾಚಾರ ಕಳಿಸುವ ಚಟ ಅಂದಿನಿಂದಲೂ ಇದೆ ಎಂಬುದು ನನ್ನ ತಾತ್ಪರ್ಯ. ರೇಂಜಣ್ಣ ಬೇರೆಯದೇ ತಾತ್ಪರ್ಯ ತೆಗೆದರು: "ನೋಡು, 1912ರಲ್ಲೇ ಹೋಗ್ತಾ ಇತ್ತು!" ಅತ್ತಿಗೆ ಮಾತ್ರ, ಹಡಗಿನ ಮೇಲೆ ಕೂತು ಅದರ ಹೆಸರು ಎತ್ತುವುದುಂಟಾ ಎಂದು ನನಗೆ ಬೈದು, "ಇವರ ಅಪ್ಪ ಮಂಗಳೂರಿನಿಂದ ಸ್ಟೀಮರಿನಲ್ಲಿ ಮುಂಬಯಿಗೆ ಬಂದದ್ದು. ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದರಂತೆ. ಯಾರೂ ಸತ್ತರು ಅಂದುಕೊಳ್ಳಲಿಲ್ಲ" ಎಂದು ಎದ್ದು ಹೌಸಿ ಆಡಲು ಹೋದರು.

ಅನಾಹುತ ನಡೆದದ್ದು ಊರಿನಲ್ಲಿ. ನಾವು ಗೋವಾದ ಆಸುಪಾಸಿನ ಕಡಲಿನಲ್ಲಿದ್ದ ಬೆಳಿಗ್ಗೆಯೇ ಮೊಮ್ಮಗ ಶಾಲೆಯ ಅವಸರದಲ್ಲಿ ಎರಡನೇ ದಿನದ್ದನ್ನು ಒತ್ತಿಬಿಟ್ಟ. ಎಲ್ಲ ಗುಂಪುಗಳಿಗೂ 'ಲಕ್ಷದ್ವೀಪದ ಹವಳದ ದಂಡೆಯಿಂದ ಶುಭೋದಯ' ಹೋಯಿತು. ಹತ್ತು ಗಂಟೆಗೆ ಹಡಗಿನ ವೈಫೈ ಕೊನೆಗೂ ಉಸಿರುಬಿಟ್ಟು ರೇಂಜಣ್ಣನ ಅಸಲಿ ಸಂದೇಶವನ್ನು ದಾಟಿಸಿತು: 'ಸುತ್ತ ನೀರೇ. ಏನೂ ಕಾಣುವುದಿಲ್ಲ. ಪ್ಯಾಕ್ ತುಂಬಾ ದುಬಾರಿ. ದುಡ್ಡು ಹೋಯಿತು.' ಆಮೇಲೆ ಸಂಪರ್ಕ ಕಡಿಯಿತು.

ಒಂದೇ ಮನುಷ್ಯ ಬೆಳಿಗ್ಗೆ ದಂಡೆಯಲ್ಲಿ, ಹತ್ತಕ್ಕೆ ನಡುನೀರಿನಲ್ಲಿ, ಮೇಲಿಂದ ದುಡ್ಡಿನ ಮಾತು. ಸೈಬರ್ ವಂಚನೆಯ ಈ ಕಾಲದಲ್ಲಿ ಜನ ಏನು ತಿಳಿಯಬೇಕು? ಜೀರ್ಣೋದ್ಧಾರ ಸಮಿತಿಯ ಖಜಾಂಚಿ ದಪ್ಪ ಅಕ್ಷರದಲ್ಲಿ ಬರೆದರು: 'ಅಣ್ಣನ ನಂಬರ್ ಹ್ಯಾಕ್ ಆಗಿದೆ. ಯಾರೂ ಹಣ ಕಳಿಸಬೇಡಿ.' ಅದು ನಾಲ್ಕೂ ಗುಂಪುಗಳಿಗೆ ಫಾರ್ವರ್ಡ್ ಆಯಿತು. ಮಧ್ಯಾಹ್ನದೊಳಗೆ ಇನ್ನೊಬ್ಬ ಅಡ್ಮಿನ್ ಇವರನ್ನು ಕುಟುಂಬದ ಗುಂಪಿನಿಂದ ತೆಗೆದು ಹಾಕಿದ. ಡೊಂಬಿವಲಿಯ ತಂಗಿ ಅಳುತ್ತ ನಮ್ಮ ಕಟ್ಟಡದ ವಾಚ್‌ಮನ್ನಿಗೆ ಫೋನ್ ಮಾಡಿದಳು.

ಇದಾವುದೂ ತಿಳಿಯದೆ ನಾವು ಮರುದಿನ ಅಗತ್ತಿ ತಲುಪಿದೆವು. ಅಲ್ಲಿ ದೊಡ್ಡ ಹಡಗು ದಂಡೆಗೆ ಬರುವುದಿಲ್ಲ, ಹವಳದ ಆಚೆ ನಿಂತು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಗಾಜಿನಂಥ ನೀರು. ಅತ್ತಿಗೆ ಸೀರೆ ಎತ್ತಿ ಕಟ್ಟಿ ಮೊಣಕಾಲು ನೋವನ್ನು ಮರೆತು ನೀರಿಗಿಳಿದರು. ದಂಡೆಯ ತೆಂಗಿನ ಮರದ ಬುಡದಲ್ಲಿ ಕುಳಿತ ರೇಂಜಣ್ಣನ ಕಿಸೆಯಲ್ಲಿ ಎರಡನೆಯ ಸಿಮ್ಮಿಗೆ ಜೀವ ಬಂತು. ಊರಿನ ಟಾಂಕಿಗಾಗಿ ಇಟ್ಟುಕೊಂಡಿದ್ದ, ಸುಮ್ಮನೆ ರೀಚಾರ್ಜ್ ದಂಡ ಎಂದು ಮನೆಯವರೆಲ್ಲ ಬೈಯುತ್ತಿದ್ದ ಬಿಎಸ್‌ಎನ್‌ಎಲ್! 2024ರ ಜನವರಿಯಲ್ಲಿ ಕೊಚ್ಚಿಯಿಂದ ಹನ್ನೊಂದು ದ್ವೀಪಗಳಿಗೆ 1,868 ಕಿಲೋಮೀಟರ್ ಕೇಬಲನ್ನು ಸಮುದ್ರದ ತಳದಲ್ಲಿ ಹಾಸಿ ಉದ್ಘಾಟಿಸಿದ್ದಾರೆ. ಅದಕ್ಕೆ ಮೊದಲು ದ್ವೀಪದವರೂ ಉಪಗ್ರಹವನ್ನೇ ನೆಚ್ಚಿ ಕೂತವರು. "ಪಂತ್‌ನಗರದ ಬೆಡ್‌ರೂಮಿಗಿಂತ ಒಳ್ಳೆ ರೇಂಜ್ ಮಾರಾಯ!" ಎಂದು ರೇಂಜಣ್ಣ ಕೂಗಿದರು. ಕೂಗು ಅರ್ಧಕ್ಕೇ ನಿಂತಿತು. ಸಂದೇಶಗಳು ಸುರಿಯತೊಡಗಿದ್ದವು.

ಆ ಮೇಲಿನ ಸಮಯವನ್ನೆಲ್ಲ ಅವರು ತಾನು ತಾನೇ ಎಂದು ಸಾಬೀತುಪಡಿಸುವುದರಲ್ಲಿ ಕಳೆದರು. ಫೋನ್ ಮಾಡಿದರೆ ಖಜಾಂಚಿ ನಂಬಲಿಲ್ಲ. ಈಗ ದನಿಯನ್ನೂ ನಕಲು ಮಾಡುತ್ತಾರಂತೆ. ವಿಡಿಯೋ ಕಾಲಿನಲ್ಲಿ ಮುಖ ತೋರಿಸಿದರು. "ಮುಖವನ್ನೂ ಮಾಡ್ತಾರೆ. ನಮ್ಮ ರಾತ್ರಿಶಾಲೆಯ ಹೆಡ್‌ಮಾಸ್ತರರ ಅಡ್ಡಹೆಸರು ಹೇಳಿ ನೋಡುವ." ಹೇಳಿದರು, ಇಡೀ ದಂಡೆಗೆ ಕೇಳುವಂತೆ. ಅದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಅಂತೂ ಎಲ್ಲ ಗುಂಪುಗಳಲ್ಲಿ ಮರುಸ್ಥಾಪನೆಯಾಗುವಷ್ಟರಲ್ಲಿ ಕೊನೆಯ ದೋಣಿ ಹೊರಡುವ ಸೀಟಿ ಊದಿತು. ರೇಂಜಣ್ಣನ ಪಾದಕ್ಕೆ ಲಕ್ಷದ್ವೀಪದ ನೀರು ತಾಗಿದ್ದು ದೋಣಿ ಹತ್ತುವಾಗ ಮಾತ್ರ.

ಅವರೇನೂ ಸೋತವರಲ್ಲ. ಕ್ರೂಸಿಗೆ ಹೊರಟವರು ಈಗ ಏಜೆಂಟನಲ್ಲಿಗೆ ಹೋಗುವ ಮೊದಲು ಇವರಲ್ಲಿಗೆ ಬರುತ್ತಾರೆ. ಬೆನ್ ಜೈನ ಊಟ ಸಿಗುತ್ತದೆಯೇ ಎಂದು ಕೇಳಿದರೆ ಇವರು ಉಪಗ್ರಹದ ಎತ್ತರ ಹೇಳುತ್ತಾರೆ.

ಅತ್ತಿಗೆಗೆ ಸಮುದ್ರದ ಹುಚ್ಚು ಹಿಡಿಯಿತು. ಮುಂದಿನ ಸೀಸನ್ನಿಗೆ ಬೆನ್ ಮತ್ತು ಮಹಿಳಾ ಮಂಡಳಿಯವರೊಟ್ಟಿಗೆ ಗಂಡನನ್ನು ಬಿಟ್ಟು ಹೊರಟರು. ಫೋನನ್ನೂ ಟಿವಿಯ ಪಕ್ಕದಲ್ಲೇ ಬಿಟ್ಟರು. ರೇಂಜಣ್ಣ ಹಡಗುಗಳ ಜಾಡು ತೋರಿಸುವ ಆ್ಯಪ್ ಇಳಿಸಿಕೊಂಡು ನಕ್ಷೆಯ ಮೇಲೆ ಹೆಂಡತಿಯ ಚುಕ್ಕಿಯನ್ನು ನೋಡುತ್ತ ಕುಳಿತರು. ಹಡಗುಗಳು ರೇಡಿಯೋದಲ್ಲಿ ತಮ್ಮ ಠಿಕಾಣಿ ಹೇಳುತ್ತ ಹೋಗುತ್ತವೆ, ದಡದ ಮೇಲಿನ ಆಂಟೆನಾಗಳು ಅದನ್ನು ಹಿಡಿಯುತ್ತವೆ. ದಡ ದೂರವಾದರೆ ಅಲ್ಲಿಯೂ ಅದೇ ಹಾಡು. ರಾತ್ರಿ ಹನ್ನೊಂದೂವರೆಗೆ ನನ್ನ ಬಾಗಿಲು ಬಡಿದರು. ಕೈಯಲ್ಲಿ ಫೋನು, ಹಣೆಯಲ್ಲಿ ಕಿಟಕಿಯ ಗೆರೆ.

"ಹಡಗು ಮಾಯ ಆಯಿತು ಮಾರಾಯ!"

"ಏನೂ ಆಗಿರುವುದಿಲ್ಲ ಅಣ್ಣ, ದಡದ ರೇಂಜ್ ದಾಟಿದೆ ಅಷ್ಟೇ. ಅತ್ತಿಗೆ ಹೌಸಿ ಆಡುತ್ತಿರಬಹುದು."

"ಅದು ನನಗೆ ಗೊತ್ತುಂಟು. ಇದರಲ್ಲಿ ನೋಡು, ಮುಂದೆ ಕಾಣಬೇಕಾದರೆ ಉಪಗ್ರಹದ ಪ್ಯಾಕ್ ತೆಗೊಳ್ಳಿ ಅಂತ ಬರ್ತಾ ಉಂಟು. ಅರ್ಧ ದಿನದ್ದು ಎಲ್ಲಿ ಇರ್ತದೆ, ಸ್ವಲ್ಪ ಹುಡುಕಿ ಕೊಡು."